ನಲವತ್ತು ವಾಚು, ಒಂದು ಮೂಟೆಯ ಷರತ್ತು

ನಲವತ್ತು ಓಟದ ವಾಚು, ಅವುಗಳ ಜೊತೆಗೆ ಎದೆಗೆ ಕಟ್ಟಿಕೊಳ್ಳುವ ನಲವತ್ತು ಪಟ್ಟಿ. ಒಟ್ಟು ಆರು ಲಕ್ಷದ ಮಾಲು. ತುಮಕೂರಿನ ಬಟವಾಡಿಯಲ್ಲಿರುವ ನನ್ನ ವಾಚಿನ ಅಂಗಡಿಗೆ ಇಷ್ಟು ದೊಡ್ಡ ಆರ್ಡರು ಒಂದೇ ಕಡೆಯಿಂದ ಬಂದದ್ದು ಅದೇ ಮೊದಲು. ಕೊಟ್ಟವರು ಜಿಲ್ಲೆಯ ಓಟಗಾರರ ಸಂಘದವರು.

ವಾಚು ಮಾರುವವನ ಕಣ್ಣ ಮುಂದೆ ತಮಾಷೆಯ ಪ್ರಸಂಗಗಳು ನಡೆಯುತ್ತಲೇ ಇರುತ್ತವೆ. ಹಿಂದೆಲ್ಲ ಕೀಲಿ ಕೊಡಲು ಮರೆತು 'ವಾಚು ನಿಂತೋಯ್ತು' ಎಂದು ಬರುತ್ತಿದ್ದರು. ಈಗ ಚಾರ್ಜು ಹಾಕಲು ಮರೆತು ಬರುತ್ತಾರೆ. ವ್ಯತ್ಯಾಸ ಇಷ್ಟೇ, ಆಗಿನವರು ಸ್ವಲ್ಪ ನಾಚಿಕೊಳ್ಳುತ್ತಿದ್ದರು.

ಸಂಘದ ಅಧ್ಯಕ್ಷರು ನಿವೃತ್ತ ಎಂಜಿನಿಯರು. ಮಾಲು ಇಳಿಸುವ ದಿನ ಅವರ ಜೊತೆ ಗುಬ್ಬಿಯ ಕೊಬ್ಬರಿ ವ್ಯಾಪಾರಿಯೊಬ್ಬರು ಬಂದಿದ್ದರು. ಅವರೂ ಸಂಘದ ಸದಸ್ಯರೇ. ವಾಚನ್ನು ಕಿವಿಯ ಹತ್ತಿರ ಹಿಡಿದು ತೆಂಗಿನಕಾಯಿಯಂತೆ ಅಲ್ಲಾಡಿಸಿ ನೋಡಿದರು. ಆಮೇಲೆ ಹೇಳಿದರು: "ಯಜಮಾನ್ರೆ, ನಮ್ಮ ವ್ಯಾಪಾರದಾಗೆ ಮೂಟೇಲಿ ಒಂದು ಕೊಬ್ರಿ ಕೆಟ್ಟಿದ್ರೂ ಇಡೀ ಮೂಟೆ ವಾಪಸ್ಸು. ಬರೋ ತಿಂಗಳು ದೇವರಾಯನದುರ್ಗದ ಬೆಟ್ಟ ಹತ್ತೋ ಓಟ ಐತೆ. ಮೇಲಕ್ಕೆ ಹೋದಾಗ ನಲವತ್ತರಾಗೆ ಒಂದರ ಬ್ಯಾಟ್ರಿ ಸತ್ತಿದ್ರೂ ಅಷ್ಟೂ ವಾಪಸ್ಸು. ಒಪ್ಪಿಗೇನಾ?"

ಒಪ್ಪಿಕೊಂಡೆ. ಡಬ್ಬಿ ಒಡೆದ ಮಾಲನ್ನು ಕಂಪನಿ ತಿರುಗಿ ಮುಟ್ಟುವುದಿಲ್ಲ. ಆದ್ದರಿಂದ ಷರತ್ತು ಮುರಿದರೆ ನಲವತ್ತು ವಾಚೂ ನನ್ನ ಗಾಜಿನ ಬೀರುವಿನಲ್ಲೇ ಮುದಿಯಾಗಬೇಕಿತ್ತು. ಆದರೂ ಧೈರ್ಯ ಮಾಡಿದೆ, ಏಕೆಂದರೆ ಮಾಲು ಒಳ್ಳೆಯದು. ಕೊಳ್ಳುವವರ ಗುಣವನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಶುಭೋದಯ

ಮೊದಲ ದೂರು ತಂದವರು ನಮ್ಮ ಬಟವಾಡಿಯವರೇ, ಅರ್ಥಶಾಸ್ತ್ರದ ಮೇಷ್ಟ್ರು. ಶಟರ್ ಎತ್ತುವ ಮುಂಚೆಯೇ ಬಂದು ಮೆಟ್ಟಿಲ ಮೇಲೆ ಕೂತಿದ್ದರು.

"ಏನ್ರೀ ಇದು, ವಾರ ಬರುತ್ತೆ ಅಂದಿದ್ರಿ. ಬೆಳಿಗ್ಗೆ ಚಾರ್ಜ್ ಮಾಡಿದ್ರೆ ಮಧ್ಯಾಹ್ನದ ಪಾಠಕ್ಕೆ ಇರಲ್ಲ."

"ಎಷ್ಟು ದೂರ ಓಡ್ತೀರಿ ಸಾರ್?"

"ಓಟ ಇನ್ನೂ ಶುರು ಮಾಡಿಲ್ಲ. ಮೊದಲು ವಾಚ್ ಅಭ್ಯಾಸ ಆಗ್ಲಿ ಅಂತ."

ವಾಚನ್ನು ಕೈಗೆ ತೆಗೆದುಕೊಂಡೆ. ಹಿಡಿದ ತಕ್ಷಣ ಗುರ್ ಎಂದಿತು. ಕೆಳಗಿಟ್ಟೆ, ಅಲ್ಲೂ ಗುರ್ ಎಂದು ಗಾಜಿನ ಮೇಲೆ ಏಡಿಯಂತೆ ಪಕ್ಕಕ್ಕೆ ಸರಿಯಿತು. ನೋಡಿದರೆ ಫೋನಿಗೆ ಬರುವ ಪ್ರತಿಯೊಂದು ಮೆಸೇಜೂ ವಾಚಿಗೂ ಬರುವ ಹಾಗೆ ಇಟ್ಟಿದ್ದಾರೆ. ಕಾಲೇಜಿನ ಗುಂಪು, ಹೆಂಡತಿಯ ತವರಿನ ಗುಂಪು, ಸೈಟು ಕೊಂಡವರ ಗುಂಪು, ಹಳೆಯ ವಿದ್ಯಾರ್ಥಿಗಳ ಗುಂಪು. ಒಂದೊಂದರಲ್ಲೂ ಹೂವು, ದೀಪ, ಕಾಫಿ ಲೋಟದ ಚಿತ್ರದ ಜೊತೆ ಶುಭೋದಯ. ಪ್ರತಿ ಶುಭೋದಯಕ್ಕೂ ವಾಚು ಒಮ್ಮೆ ನಡುಗಬೇಕು, ಒಮ್ಮೆ ಬೆಳಗಬೇಕು.

"ಸಾರ್, ಇದನ್ನ ನಿಲ್ಲಿಸಿದ್ರೆ ಬ್ಯಾಟರಿ ವಾರ ಬರುತ್ತೆ."

"ನಿಲ್ಸಿದ್ರೆ ಯಾರು ವಿಶ್ ಮಾಡಿದ್ರು ಅಂತ ಗೊತ್ತಾಗೋದು ಹೆಂಗ್ರೀ? ನಮ್ಮ ಷಡ್ಡಕ ಭಾರಿ ಸೂಕ್ಷ್ಮದ ಮನುಷ್ಯ. ಉತ್ತರ ಕೊಡ್ಲಿಲ್ಲ ಅಂದ್ರೆ ಮನೆಗೇ ಬಂದ್ಬಿಡ್ತಾನೆ."

ಷಡ್ಡಕನ ಗುಂಪೊಂದನ್ನು ಉಳಿಸಿ ಮಿಕ್ಕಿದ್ದನ್ನೆಲ್ಲ ಬಂದ್ ಮಾಡಿಕೊಟ್ಟೆ. ವಾರ ಕಳೆದ ಮೇಲೆ ಮತ್ತೆ ಬಂದರು. ಮುಖ ಬಾಡಿತ್ತು.

"ಏನ್ಸಾರ್, ಮತ್ತೆ ಬ್ಯಾಟರಿ ಹೋಯ್ತಾ?"

"ಇಲ್ಲ ಕಣ್ರೀ, ಬ್ಯಾಟರಿ ಹೋಗ್ತಾನೇ ಇಲ್ಲ. ಈಗ ಓಡದೇ ಇರೋದಕ್ಕೆ ಮನೇಲಿ ಏನಂತ ಹೇಳೋದು?"

ಮುಗಿಸು ಅನ್ನುವ ಗುಂಡಿ

ಎರಡನೆಯ ದೂರು ಗುಬ್ಬಿಯಿಂದ ಬಂತು, ಷರತ್ತು ಹಾಕಿದ ಅದೇ ಕೊಬ್ಬರಿ ವ್ಯಾಪಾರಿಯಿಂದ. ಷರತ್ತು ಹಾಕಿದವನ ವಾಚೇ ಸತ್ತರೆ ಮಾತಾಡಲು ಬಾಯಿ ಎಲ್ಲಿಂದ ತರುವುದು? ಅಂದೇ ಬಸ್ಸು ಹತ್ತಿದೆ.

ಅವರು ತಕ್ಕಡಿಯ ಪಕ್ಕ ದಿಂಬಿಗೊರಗಿ ಕೂತಿದ್ದರು. ಕೈಯಲ್ಲಿ ವಾಚು ಓಡುತ್ತಲೇ ಇತ್ತು. ಅಂದರೆ, ವಾಚಿನ ಲೆಕ್ಕದಲ್ಲಿ ಅವರು ಓಡುತ್ತಿದ್ದರು.

"ಅಣ್ಣ, ಬೆಳಿಗ್ಗೆ ಕೆರೆ ಏರಿ ಮೇಲೆ ಓಡಿ ಬಂದ್ರಲ್ಲ, ಆಮೇಲೆ ಇದನ್ನ ನಿಲ್ಲಿಸ್ಲಿಲ್ವಾ?"

"ಹೆಂಗ್ ನಿಲ್ಸಾನ ಯಜಮಾನ್ರೆ? ಏರಿಯಿಂದ ಓಡಿ ಸೀದಾ ಅಂಗಡಿ ಬಾಗ್ಲಿಗೇ ಬರ್ತೀನಿ. ನಿಲ್ಸಕ್ಕೆ ಹೋದ್ರೆ ಇದು 'ಮುಗಿಸು' ಅಂತ ಬರೆದಿರೋ ಗುಂಡಿ ಒತ್ತು ಅಂತದೆ. ಬೋಣಿ ಆಗದೆ ಅಂಗಡಿ ಬಾಗ್ಲಾಗೆ ನಿಂತು ಮುಗಿಸು ಅಂತ ಒತ್ತಾಕಾಯ್ತದಾ? ನೀವೂ ಅಂಗ್ಡಿಯೋರಲ್ವಾ, ನೀವೇ ಹೇಳಿ."

"ಬೋಣಿ ಆದ್ಮೇಲೆ ಒತ್ತಬಹುದಲ್ಲ?"

"ಆಮೇಲೆ ಗಿರಾಕಿ ಇರ್ತಾರೆ. ಗಿರಾಕಿ ಮುಂದೆ ಮುಗಿಸು ಅಂತ ಒತ್ತಾನಾ? ಸಂಜೆ ದೀಪ ಹಚ್ಚಿದ ಮೇಲಂತೂ ಆ ಮಾತೇ ಬ್ಯಾಡ ಬುಡಿ."

ಹೀಗಾಗಿ ಬೆಳಿಗ್ಗೆ ಶುರುವಾದ ಓಟ ತಕ್ಕಡಿಯ ಮುಂದೆ, ಊಟದ ಮುಂದೆ, ಊಟವಾದ ಮೇಲಿನ ನಿದ್ದೆಯಲ್ಲಿ ಸಾಗುತ್ತಲೇ ಇರುತ್ತಿತ್ತು. ವಾಚು ಪಾಪ ಆಕಾಶದ ಉಪಗ್ರಹವನ್ನು ಕೇಳುತ್ತಲೇ ಇರಬೇಕು, ಈ ಮನುಷ್ಯ ಎಲ್ಲಿಗೆ ಓಡಿದ ಅಂತ. ಉತ್ತರ ಒಂದೇ, ಅಲ್ಲೇ ಕೂತಿದ್ದಾನೆ. ಬ್ಯಾಟರಿ ಸಾಯದೆ ಇನ್ನೇನು ಮಾಡೀತು?

ಅದು ಸಾಯುವ ಮುನ್ನ ದಿನವೂ ಒಂದು ಬುದ್ಧಿಮಾತು ಬೇರೆ ಹೇಳುತ್ತಿತ್ತಂತೆ, ನೀವು ಅತಿಯಾಗಿ ದಣಿದಿದ್ದೀರಿ, ನಾಳೆ ವಿಶ್ರಾಂತಿ ತೆಗೆದುಕೊಳ್ಳಿ ಅಂತ. "ಅದೊಂದ್ ಮಾತ್ರ ಸತ್ಯ ಹೇಳ್ತದೆ," ಎಂದರು ಅವರು. "ಅದಕ್ಕೇ ದಿನ ಬಿಟ್ಟು ದಿನ ಓಡ್ತೀನಿ."

ನಾನು ಅವರ ನಂಬಿಕೆಗೆ ನಗಲಿಲ್ಲ. ಬೋಣಿಗೆ ಮುಂಚೆ ನಾನೂ 'ಇಲ್ಲ' ಎಂಬ ಮಾತು ಆಡುವವನಲ್ಲ. ಆಚೀಚೆ ನೋಡಿದೆ. ಎದುರುಗಡೆ ಇನ್ನೊಂದು ಕೊಬ್ಬರಿ ಅಂಗಡಿ ಇತ್ತು, ಇವರ ಖಾಸಾ ಪೈಪೋಟಿಯವರದು.

"ಅಣ್ಣ, ಓಡಿ ಬಂದೋರು ಎದುರಂಗಡಿ ಬಾಗಿಲಲ್ಲಿ ನಿಂತು ಮುಗಿಸು ಅಂತ ಒತ್ತಿ. ಆಮೇಲೆ ರಸ್ತೆ ದಾಟಿ."

ಅವರ ಮುಖ ಅರಳಿದ್ದನ್ನು ನೋಡಬೇಕಿತ್ತು. ಅಂದಿನಿಂದ ದಿನ ಬಿಟ್ಟು ದಿನ ಅಲ್ಲ, ದಿನವೂ ಓಡತೊಡಗಿದರು. ಬ್ಯಾಟರಿಯ ದೂರು ಮತ್ತೆ ಬರಲಿಲ್ಲ. ದೂರು ಬಂದದ್ದು ಎದುರಂಗಡಿಯವನಿಂದ. ಸಂತೆಯಲ್ಲಿ ಸಿಕ್ಕಿ ಕೇಳಿದ: "ಯಜಮಾನ್ರೆ, ಅದೇನ್ ವಾಚು ಕೊಟ್ಟಿದೀರಾ ಅವ್ರಿಗೆ? ದಿನಾ ಬೆಳಿಗ್ಗೆ ಬೆವರು ಸುರಿಸ್ಕೊಂಡು ಬಂದು ನನ್ ಬಾಗ್ಲಾಗೆ ನಿಂತು, ಅದನ್ನ ಒತ್ತಿ, ನನ್ ಮುಖ ನೋಡಿ ನಗ್ತಾರೆ!"

ಬಚ್ಚಲಿನಲ್ಲಿ ಎದೆಬಡಿತ

ಮೂರನೆಯವರು ಕುಣಿಗಲ್ಲಿನ ವಕೀಲರು. ಅವರ ದೂರು ವಾಚಿನದಲ್ಲ, ಎದೆಗೆ ಕಟ್ಟುವ ಪಟ್ಟಿಯದು. ಆ ಪಟ್ಟಿಯ ನಡುವೆ ಗುಂಡಿಯಂಥ ಒಂದು ಸೆನ್ಸರು ಕೂತಿರುತ್ತದೆ, ಎದೆಬಡಿತ ಎಣಿಸಿ ಫೋನಿಗೆ ಕಳಿಸುವುದು ಅದರ ಕೆಲಸ. ಒಳಗಿರುವುದು ಬಿಲ್ಲೆಯಂಥ ಪುಟ್ಟ ಸೆಲ್ಲು. ವರ್ಷ ಬರಬೇಕಾದದ್ದು ವಾರಕ್ಕೊಂದು ಸಾಯುತ್ತಿದೆ ಎಂದರು. ವಕೀಲರಾದ್ದರಿಂದ 'ಸಾಯುತ್ತಿದೆ' ಎನ್ನದೆ 'ಮಾಲು ದೋಷಪೂರಿತ' ಎಂದರು. ಪಟ್ಟಿಯೂ ಮೂಟೆಯ ಲೆಕ್ಕಕ್ಕೆ ಸೇರುತ್ತದೆ ಎಂಬ ವಾದವನ್ನೂ ಆಗಲೇ ತಯಾರು ಮಾಡಿಟ್ಟುಕೊಂಡಿದ್ದರು.

ಭಾನುವಾರ ಬೆಳಿಗ್ಗೆ ಹೊಸ ಸೆಲ್ಲು ತೆಗೆದುಕೊಂಡು ಅವರ ಮನೆಗೆ ಹೋದೆ. ಅದನ್ನು ಹಾಕಿಕೊಂಡು ಬೀದಿಯಲ್ಲಿ ಎರಡು ಸುತ್ತು ಓಡಿ ಬಂದರು. ಪಟ್ಟಿ ಬಿಚ್ಚಿ ಕುರ್ಚಿಯ ಮೇಲೆ ಹಾಕಿ, ಕಾಫಿಗೆ ಕೂತರು. ಅವರ ಮನೆಯವರು ಬಂದು, ಬೆವರಿನ ಆ ಪಟ್ಟಿಯನ್ನು ಸತ್ತ ಹಲ್ಲಿಯಂತೆ ಎರಡು ಬೆರಳಲ್ಲಿ ಎತ್ತಿಕೊಂಡು ಒಳಗೆ ಹೋದರು.

ವಕೀಲರು ಫೋನು ತೆಗೆದು ನನ್ನ ಮುಂದೆ ಹಿಡಿದರು. "ನೋಡಿ, ಕೂತ ಮೇಲೆ ಎದೆಬಡಿತ ಹೆಂಗೆ ಇಳಿಯುತ್ತೆ ಅಂತ."

ಇಳಿಯಲಿಲ್ಲ. ನೂರು ದಾಟಿತು. ನೂರ ನಲವತ್ತು. ನೂರ ಎಂಬತ್ತು. ವಕೀಲರು ಲೋಟವನ್ನು ತಟ್ಟೆಯ ಮೇಲೆ ಕುಕ್ಕಿದರು.

"ಯಜಮಾನ್ರೆ, ಕಾಫಿ ಕುಡಿತಾ ಕೂತಿದೀನಿ ಕಣ್ರೀ! ಇದೇನ್ರೀ ಇದು!"

ನನಗೆ ಬಚ್ಚಲಿನ ಕಡೆಯಿಂದ ಬ್ರಷ್ಷಿನಲ್ಲಿ ತಿಕ್ಕುವ ಸದ್ದು ಕೇಳಿಸಿತು. ತಿಕ್ಕುವ ರಭಸ ಹೆಚ್ಚಾದ ಹಾಗೆ ಫೋನಿನ ಅಂಕಿಯೂ ಏರುತ್ತಿತ್ತು. ಸೆನ್ಸರನ್ನು ಬಿಚ್ಚದೇ ಪಟ್ಟಿ ತೊಳೆಯುತ್ತಿದ್ದಾರೆ. ಪಟ್ಟಿ ಒದ್ದೆಯಾದರೆ ಸೆನ್ಸರು ಎಚ್ಚರಾಗುತ್ತದೆ, ಒದ್ದೆ ಇರುವಷ್ಟು ಹೊತ್ತೂ ಯಾರದೋ ಎದೆಯ ಮೇಲಿದ್ದೇನೆಂದು ತಿಳಿದು ದುಡಿಯುತ್ತದೆ. ಸೆಲ್ಲು ವಾರಕ್ಕೊಂದು ಏಕೆ ಸಾಯುತ್ತಿತ್ತು ಎಂಬುದು ಅಲ್ಲಿಗೆ ಗೊತ್ತಾಯಿತು.

ಹೇಳಲು ಬಾಯಿ ತೆರೆಯುವಷ್ಟರಲ್ಲಿ ತಿಕ್ಕುವ ಸದ್ದು ನಿಂತಿತು. ಫೋನಿನಲ್ಲಿ ಅಂಕಿ ಮಾಯವಾಗಿ ಬರೀ ಎರಡು ಗೀಟು ಉಳಿದವು. ವಕೀಲರು ಎದೆ ಹಿಡಿದುಕೊಂಡು ಸೋಫಾದ ಮೇಲೆ ಒರಗಿಬಿಟ್ಟರು.

"ಹೋಯ್ತು... ಲೇ, ಹೋಯ್ತು ಕಣೇ..."

ಅವರ ಮನೆಯವರು ತೊಟ್ಟಿಕ್ಕುವ ಪಟ್ಟಿ ಹಿಡಿದು ಈಚೆ ಬಂದರು. "ಏನ್ರೀ ಹೋಯ್ತು?"

"ನನ್ನ ಎದೆಬಡಿತ!"

"ಎಲ್ಲೂ ಹೋಗಿಲ್ಲ, ನನ್ನ ಕೈಲಿದೆ. ಇನ್ನೊಂದ್ಸಲ ಜಾಲಿಸಿ ತಂದ್ಕೊಡ್ತೀನಿ, ಸುಮ್ನೆ ಕೂತ್ಕೊಳ್ಳಿ."

ದುರ್ಗದ ಮೇಲೆ

ಕೊನೆಗೂ ಬೆಟ್ಟದ ಓಟದ ದಿನ ಬಂತು. ನಾನು ಬೆಳಿಗ್ಗೆಯೇ ಸ್ಕೂಟರಿನಲ್ಲಿ ದೇವರಾಯನದುರ್ಗದ ಮೇಲಕ್ಕೆ ಹೋಗಿ, ದೇವಸ್ಥಾನದ ಹತ್ತಿರದ ಟೀ ಅಂಗಡಿಯಲ್ಲಿ ಕೂತೆ. ಕೋತಿಯೊಂದು ನನ್ನ ಬಿಸ್ಕತ್ತು ಕಿತ್ತುಕೊಂಡು ಹೋಯಿತು, ಬೈಯುವ ಮನಸ್ಸೂ ಬರಲಿಲ್ಲ. ನಲವತ್ತು ಮಂದಿಯಲ್ಲಿ ಒಬ್ಬ ಚಾರ್ಜು ಮರೆತಿದ್ದರೂ ಇಡೀ ಮೂಟೆಯೇ ವಾಪಸ್ಸು. ಈ ಜನರಲ್ಲಿ ಒಬ್ಬನೂ ಮರೆತಿರುವುದಿಲ್ಲ ಎಂದು ನಂಬುವಷ್ಟು ಭಕ್ತಿ ನನಗೆ ದೇವರ ಮೇಲೂ ಇಲ್ಲ.

ಮೊದಲು ಬಂದವರು ಅಧ್ಯಕ್ಷರು, ಕಾರಿನಲ್ಲಿ. ಅಧ್ಯಕ್ಷರು ಓಡುವುದಿಲ್ಲ, ಓಡಿಸುತ್ತಾರೆ. ಇಳಿದವರೇ ಮೀಸೆ ತೀಡಿದರು.

"ನೀವು ಹೆದರ್ಬೇಡ್ರಿ. ಬ್ಯಾಟರಿ ಸಾಯೋದು ಬಳಸೋಕೆ ಬರದೇ ಇರೋದ್ರಿಂದ. ಕೆಳಗೆ ಎಲ್ಲರನ್ನೂ ಸಾಲಾಗಿ ನಿಲ್ಸಿ ನಾನೇ ಒಂದು ಏರ್ಪಾಡು ಮಾಡಿದೀನಿ. ನೋಡ್ತಾ ಇರಿ."

ಏನು ಏರ್ಪಾಡು ಎಂದು ಕೇಳಿದರೆ ನಕ್ಕರು. ಎಂಜಿನಿಯರು ಹಾಗೆ ನಕ್ಕಾಗಲೆಲ್ಲ ಎಲ್ಲೋ ಒಂದು ಮೋರಿ ಕಟ್ಟಿಕೊಂಡಿರುತ್ತದೆ.

ಒಬ್ಬೊಬ್ಬರಾಗಿ ಬಂದರು. ಕೊಬ್ಬರಿ ವ್ಯಾಪಾರಿ ಸೊಂಟ ಹಿಡಿದುಕೊಂಡು, ಮೇಷ್ಟ್ರು ಕಣ್ಣು ಮುಚ್ಚಿಕೊಂಡು, ವಕೀಲರು ದಾರಿಯಲ್ಲಿ ಸಿಕ್ಕ ಯಾರದೋ ಭುಜ ಹಿಡಿದುಕೊಂಡು. ಅಧ್ಯಕ್ಷರು ಎಲ್ಲರ ಕೈ ಹಿಡಿದು, ಬಳೆಗಾರನಂತೆ ಮಣಿಕಟ್ಟು ತಿರುಗಿಸಿ ಬ್ಯಾಟರಿ ನೋಡಿದರು. ಒಂದೂ ಸತ್ತಿರಲಿಲ್ಲ. ಸಾಯುವುದಿರಲಿ, ಸವೆದೂ ಇರಲಿಲ್ಲ. ಎಲ್ಲದರಲ್ಲೂ ತೊಂಬತ್ತೆಂಟು, ತೊಂಬತ್ತೊಂಬತ್ತು.

ನನಗೆ ಜೀವ ಬಂತು. ಅಧ್ಯಕ್ಷರಿಗೆ ಚಪ್ಪಾಳೆ ಬಂತು.

ಆಗ ಮೇಷ್ಟ್ರು, ಷಡ್ಡಕನಿಗೆ ಕಳಿಸಬೇಕೆಂದು ತಮ್ಮ ಓಟದ ನಕ್ಷೆ ತೆಗೆದರು. "ಸಾರ್, ನನ್ನದು ಸೊನ್ನೆ ಕಿಲೋಮೀಟರ್ ಅಂತ ತೋರಿಸ್ತಿದೆ."

"ನಂದೂ ಸೊನ್ನೆ," ಎಂದರು ವಕೀಲರು.

ನಲವತ್ತೂ ಸೊನ್ನೆ. ಅಧ್ಯಕ್ಷರು ಬೆಟ್ಟದ ಬುಡದಲ್ಲಿ ಅಷ್ಟೂ ವಾಚುಗಳನ್ನು ಬ್ಯಾಟರಿ ಉಳಿತಾಯದ ಸ್ಥಿತಿಗೆ ಹಾಕಿಸಿದ್ದರು. ಆ ಸ್ಥಿತಿಯಲ್ಲಿ ವಾಚು ಗಂಟೆ ತೋರಿಸುತ್ತದೆ, ಬೇರೆ ಯಾವ ಕೆಲಸವನ್ನೂ ಮಾಡುವುದಿಲ್ಲ.

ಕೊಬ್ಬರಿ ವ್ಯಾಪಾರಿ ಏದುಸಿರು ಬಿಡುತ್ತಲೇ ಕೇಳಿದರು: "ಅಂದ್ರೆ ನಾವು ಬೆಟ್ಟ ಹತ್ತಿಲ್ವಾ?"

"ತಾಂತ್ರಿಕವಾಗಿ ಹತ್ತಿಲ್ಲ," ಎಂದರು ಅಧ್ಯಕ್ಷರು.

"ಅಧ್ಯಕ್ಷ್ರೆ, ನನ್ ಮಂಡಿ ಹತ್ತೈತೆ!"

ವಕೀಲರಿಗೆ ಉಸಿರು ಮರಳಿ ಬಂತು. "ಓಟದ ದಾಖಲೆ ಇಲ್ಲ ಅಂದ ಮೇಲೆ ಓಟ ನಡೆದಿಲ್ಲ. ಓಟ ನಡೆದಿಲ್ಲ ಅಂದ ಮೇಲೆ ಪರೀಕ್ಷೆ ಆಗಿಲ್ಲ. ಮಾಲು ವಾಪಸ್ ತಗೊಳ್ಳಿ."

ನಾನು ಕೊಬ್ಬರಿ ವ್ಯಾಪಾರಿಯ ಕಡೆ ತಿರುಗಿದೆ.

"ಅಣ್ಣ, ಷರತ್ತು ನಿಮ್ಮದು. ಮೂಟೆ ಬಿಚ್ಚಿ ನೋಡಿದ್ರಿ. ಒಂದಾದರೂ ಕೆಟ್ಟಿತ್ತಾ?"

ಅವರು ಮೆಟ್ಟಿಲ ಮೇಲೆ ಕೂತು ಮಂಡಿ ಒತ್ತಿಕೊಂಡರು. "ಇಲ್ಲ. ಒಂದೂ ಕೆಟ್ಟಿಲ್ಲ. ಕೊಬ್ರಿ ಚೆನ್ನಾಗೈತೆ, ತಿನ್ನಾಕ್ ಬರದೋರು ನಾವು. ಮಾಲು ನಿಮ್ದಲ್ಲ ಇನ್ನ, ನಮ್ದು. ವಕೀಲ್ರೆ, ಸುಮ್ಕಿರಿ."

ವಾಪಸ್ಸಿನ ಮಾತು ಅಲ್ಲಿಗೆ ನಿಂತಿತು. ಆದರೆ ದಾಖಲೆ ಇಲ್ಲದೆ ಮನೆಗೆ ಹೋಗುವುದು ಹೇಗೆ? ಇನ್ನೊಮ್ಮೆ ಕೆಳಗಿಳಿದು ಹತ್ತೋಣ ಎಂದು ಅಧ್ಯಕ್ಷರು ಹುರಿದುಂಬಿಸಿದರು. ನಲವತ್ತು ಮಂದಿ ಅವರನ್ನು ನೋಡಿದ ನೋಟಕ್ಕೆ ಅವರು ಕಾರು ಹತ್ತಿ ಗಾಜು ಏರಿಸಿಕೊಂಡರು. ಉಳಿದವರು ಬಾಡಿಗೆಯ ಎರಡು ವ್ಯಾನು ಹತ್ತಿ, ಈ ಸಲ ಉಳಿತಾಯ ತೆಗೆದು, ಶುರು ಅನ್ನುವ ಗುಂಡಿ ಒತ್ತಿ, ಸೀಟಿಗೊರಗಿ ಬೆಟ್ಟ ಇಳಿದರು.

ಒಟ್ಟು ಹುಟ್ಟುವಳಿ ಇಷ್ಟು. ನನಗೆ: ಆರು ಲಕ್ಷದ ವ್ಯಾಪಾರ ಪೂರಾ, ವಾಪಸ್ಸು ಒಂದೂ ಇಲ್ಲ. ಸಂಘಕ್ಕೆ: ಕಾಲಲ್ಲಿ ಹತ್ತಿದ್ದು ಸೊನ್ನೆ ಕಿಲೋಮೀಟರು, ವ್ಯಾನಿನಲ್ಲಿ ಇಳಿದದ್ದು ಸಂಘದ ಚರಿತ್ರೆಯಲ್ಲೇ ಅತಿ ವೇಗದ ಓಟ, ಮೊದಲ ಸ್ಥಾನ ನಲವತ್ತು ಮಂದಿಗೂ ಸಮಪಾಲು.