ಪಟ್ಟಂನಿಂದ ಪಾಳಯಕ್ಕೆ ಒಂದು ಸೈಕಲ್ ದಿಗ್ವಿಜಯ

"ನಾಳೆಯಿಂದ ಈ ಕಮಲಾಕ್ಷ ಕಾರು ಮುಟ್ಟಿದರೆ ನನ್ನ ಹೆಸರನ್ನೇ ಬದಲಾಯಿಸಿ!"

ಭಾನುವಾರ ಸಂಜೆ ಚಹಾದ ಲೋಟವನ್ನು ಮೇಜಿಗೆ ಕುಕ್ಕಿ ಕಮಲಾಕ್ಷರು ಈ ಭೀಷ್ಮಪ್ರತಿಜ್ಞೆ ಮಾಡಿದಾಗ, ಅವರ ಪತ್ನಿ ಕುಸುಮಾವತಿ ಬಸಳೆ ಸೊಪ್ಪು ಬಿಡಿಸುತ್ತಿದ್ದರು. ತಲೆ ಎತ್ತಲಿಲ್ಲ.

"ಹೆಸರು ಬದಲಾಯಿಸಿದರೆ ಆಧಾರ್, ಪಾನ್ ಎಲ್ಲ ಬದಲಾಯಿಸ್ಬೇಕು. ಅದಕ್ಕಿಂತ ಲೋಟ ಮೆಲ್ಲ ಇಡಿ ಮಾರಾಯ್ರೆ."

ಬಂಟ್ವಾಳದ ಕಮಲಾಕ್ಷರು ಬ್ಯಾಂಕ್ ಅಧಿಕಾರಿ. ಕೊಚ್ಚಿಯಲ್ಲಿದ್ದಾಗ ಕಳಮಶ್ಶೇರಿಯಲ್ಲಿ ಮನೆ, ಎದುರಿಗೇ ಮೆಟ್ರೋ. ಹತ್ತಿದರೆ ಸಾಕು, ಎರ್ನಾಕುಲಂ ತಾನಾಗಿಯೇ ಬರುತ್ತಿತ್ತು. ಕಳೆದ ವರ್ಷ ತಿರುವನಂತಪುರಕ್ಕೆ ವರ್ಗವಾದ ಮೇಲೆ ಆ ಸುಖ ಹೋಯಿತು. ಉಳ್ಳೂರಿನ ಫ್ಲಾಟಿನಿಂದ ಪಾಳಯಂ ಶಾಖೆಗೆ ಇರುವುದು ಆರೇ ಕಿಲೋಮೀಟರ್. ಆದರೆ ಕಾರಿನಲ್ಲಿ ಹೋದರೆ ಗಡ್ಡ ಬೋಳಿಸಿ ಹೊರಟವನು ಗಡ್ಡ ಬಿಟ್ಟುಕೊಂಡು ತಲುಪಬೇಕು! ಕಮಲಾಕ್ಷರು ಮಲಯಾಳಂ ಓದಲು ಕಲಿತದ್ದೇ ಮುಂದೆ ನಿಂತ ಬಸ್ಸಿನ ಬೆನ್ನನ್ನು ನೋಡಿ ನೋಡಿ. ಮಾತನಾಡಲು ಮಾತ್ರ ಕೌಂಟರಿಗೆ ಬೇಕಾದಷ್ಟೇ ಬರುತ್ತಿತ್ತು. "ಶರಿ", "ನೋಕ್ಕಾಂ", "ನಾಳೆ ವರೂ", "ಆಧಾರ್ ವೇಣಂ". ಸರಿ, ನೋಡೋಣ, ನಾಳೆ ಬನ್ನಿ, ಆಧಾರ್ ಬೇಕು. ಈ ನಾಲ್ಕು ಮಾತಿನಲ್ಲಿ ಅವರು ಮೂರು ವರ್ಷ ಕೇರಳವನ್ನು ಸುಧಾರಿಸಿದ್ದರು.

"ಒಂದು ಕಾರು ನಿಲ್ಲುವ ಜಾಗದಲ್ಲಿ ಎಂಟು ಸೈಕಲ್ ನಿಲ್ತದೆ ಗೊತ್ತುಂಟಾ ನಿನಗೆ?" ಎಂದು ಅವರು ಒಳಗಿನಿಂದ ತಮ್ಮ ಹೊಸ ಇಪ್ಪತ್ತೊಂದು ಗೇರಿನ ಸೈಕಲನ್ನು ದೂಡಿಕೊಂಡು ಬಂದರು. "ಈ ಊರಿನ ರಸ್ತೆಯಿಂದ ಒಂದು ಕಾರು ಕಡಿಮೆ! ಅದು ನನ್ನ ಕೊಡುಗೆ!"

ಜೊತೆಗೆ ಹೆಲ್ಮೆಟ್, ಮೈಗಂಟುವ ಹಳದಿ ಬನಿಯನ್, ಹಿಂಭಾಗಕ್ಕೆ ದಪ್ಪ ಸ್ಪಂಜು ಹೊಲಿದ ಸವಾರಿ ಚಡ್ಡಿ. ಕುಸುಮಾವತಿ ಚಡ್ಡಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು.

"ಇದೆಂತದು? ಕೂರುವ ಕಡೆಗೂ ತಲೆದಿಂಬಾ?"

"ಅದು ವೈಜ್ಞಾನಿಕ."

"ವಿಜ್ಞಾನ ಹಾಕಿಕೊಂಡು ಬ್ಯಾಂಕಿನಲ್ಲಿ ಕೂತ್ಕೊಳ್ತೀರಾ?"

ಕೂರುವಂತಿರಲಿಲ್ಲ. ಇಸ್ತ್ರಿ ಮಾಡಿದ ಪ್ಯಾಂಟು ಶರಟು ಬೇಕು. ಬುತ್ತಿ ಬೇಕು, ಶೂ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಶಾಖೆಯ ಭದ್ರತಾ ಕೋಣೆಗೆ ಎರಡು ಕೀಲಿಗಳು. ಒಂದು ಕಮಲಾಕ್ಷರ ಕೈಯಲ್ಲಿ, ಇನ್ನೊಂದು ಹೆಡ್ ಕ್ಯಾಶಿಯರ್ ಜುಬೈದಾ ಕೈಯಲ್ಲಿ. ಎರಡೂ ಸೇರದೆ ಬಾಗಿಲು ತೆರೆಯದು, ಬಾಗಿಲು ತೆರೆಯದೆ ನಗದು ಇಲ್ಲ. ಮರುದಿನ ಸೋಮವಾರ, ಒಂದನೇ ತಾರೀಕು, ಪಿಂಚಣಿಯ ದಿನ!

ಇಷ್ಟನ್ನೂ ಹೊತ್ತು ಸೈಕಲ್ ತುಳಿಯಲಾಗದು. ಇಸ್ತ್ರಿಯೂ ಮುದುಡುತ್ತದೆ. ಕೊನೆಗೆ ಕುಸುಮಾವತಿಯೇ ತೀರ್ಪು ಕೊಟ್ಟರು. "ನಿಮ್ಮನ್ನು ಆ ಬಸ್ಸುಗಳ ಬಾಯಿಗೆ ಕೊಟ್ಟು ನಾನು ಮನೆಯಲ್ಲಿ ಕೂತ್ಕೊಳ್ಳಿಕ್ಕೆ ಆಗುದಿಲ್ಲ. ನಾನು ಕಾರಿನಲ್ಲಿ ಚೀಲ ತಗೊಂಡು ನಿಮ್ಮ ಹಿಂದಿನಿಂದ ಬರ್ತೇನೆ."

ರಸ್ತೆಯಿಂದ ಕಡಿಮೆಯಾಗಬೇಕಿದ್ದ ಆ ಒಂದು ಕಾರು ಹೀಗೆ ಮತ್ತೆ ರಸ್ತೆಗಿಳಿಯಿತು.

ಬೆಳಿಗ್ಗೆ ಒಂಬತ್ತಕ್ಕೆ ದಂಡಯಾತ್ರೆ ಹೊರಟಿತು. ಮುಂದೆ ಹಳದಿ ಬನಿಯನ್ನಿನ ಕಮಲಾಕ್ಷರು. ದೂರದಿಂದಲೇ ಕಾಣಲಿ ಎಂದು ಕುಸುಮಾವತಿ ಅವರ ಸೈಕಲಿನ ಹಿಂದೆ ಒಂದು ಕೋಲು ನಿಲ್ಲಿಸಿ, ಹಸಿರು ಅಂಚಿನ ನೇರಳೆ ಬಣ್ಣದ ರವಿಕೆ ಕಣವನ್ನು ಕಟ್ಟಿದ್ದರು. ಹಿಂದೆ ಕಾರು, ನಾಲ್ಕೂ ದೀಪ ಮಿಣುಕಿಸುತ್ತಾ, ಗಂಟೆಗೆ ಒಂಬತ್ತು ಕಿಲೋಮೀಟರ್ ವೇಗದಲ್ಲಿ. ಕಾರಿನಲ್ಲಿ ಪರೀಕ್ಷೆಯ ರಜೆಯಲ್ಲಿದ್ದ ಮಗಳು ನಿಶಾ. ಸೀಟಿನಲ್ಲಿ ಆದಷ್ಟು ಕೆಳಗೆ ಜಾರಿ ಕೂತಿದ್ದಳು.

"ಅಮ್ಮಾ, ಪ್ಲೀಸ್, ಎಲ್ಲಾವರುಂ ನೋಕ್ಕುನ್ನು!"

"ಎಲ್ಲರೂ ನೋಡಲಿ ಅಂತಲೇ ಕಟ್ಟಿದ್ದು!"

ಎಲ್ಲರೂ ನೋಡಿದರು. ಕುಸುಮಾವತಿಯ ಹಿಂದೆ ಬಸ್ಸು, ಬಸ್ಸಿನ ಹಿಂದೆ ಶಾಲೆಯ ವ್ಯಾನು, ಅದರ ಹಿಂದೆ ಕಣ್ಣಿಗೆ ಕಾಣುವಷ್ಟು ದೂರ ಹಾರನ್ನುಗಳ ಸಂಗೀತ ಕಚೇರಿ. ಈ ವೇಗ ಹಿತವಾದದ್ದು ಡ್ರೈವಿಂಗ್ ಕಲಿಸುವ ಶಾಲೆಯವರಿಗೆ ಮಾತ್ರ. ಅವರು ಎರಡು ಕಾರು ತಂದು ಸಾಲಿಗೆ ಸೇರಿಸಿದರು.

ಆ ಸಾಲಿನಲ್ಲಿ ಎಲ್ಲೋ ಹಿಂದೆ ಒಂದು ತೆರೆದ ಜೀಪು ಸಿಕ್ಕಿಬಿದ್ದಿತ್ತು. ಅದರಲ್ಲಿ ಕೈಮುಗಿದು ನಿಂತವರು ಆ ವಾರ್ಡಿನ ಉಪಚುನಾವಣೆಯ ಪಕ್ಷೇತರ ಅಭ್ಯರ್ಥಿ ಪುಷ್ಕರನ್. ಅವರ ಪ್ರಚಾರದ ಆಟೋ ಮಾತ್ರ ಸಂದಿಗೊಂದಿಗಳಲ್ಲಿ ನುಸುಳಿ ಮುಂದೆ ಹೋಗಿ, ಪಟ್ಟಂ ದಾಟಿದ ಮೇಲೆ ಕಮಲಾಕ್ಷರ ಸೈಕಲಿನ ನೇರ ಮುಂದೆ ಸೇರಿಕೊಂಡಿತ್ತು. ಅದರ ನೆತ್ತಿಯ ಮೈಕು ಹಿಂದಿನ ಸ್ಥಿತಿಗತಿ ತಿಳಿಯದೆ ಒಂದೇ ಸಮನೆ ಮೊಳಗುತ್ತಿತ್ತು. "ಈ ವಾಹನತ್ತಿಂಡೆ ತೊಟ್ಟುಪಿನ್ನಾಲೆ..." ಈ ವಾಹನದ ಬೆನ್ನಲ್ಲೇ ಬರುತ್ತಿದ್ದಾರೆ ನಿಮ್ಮ ಕಣ್ಮಣಿ, ಬಡವರ ಬಂಧು, ಸರಳತೆಯ ಸಾಕಾರಮೂರ್ತಿ!

ಜನ ವಾಹನದ ಬೆನ್ನಲ್ಲಿ ನೋಡಿದರು. ಸೈಕಲ್ ಮೇಲೆ, ಬೆವರಿ ಬಸವಳಿದು, ಬಾವುಟ ಕಟ್ಟಿಕೊಂಡು ಸರಳತೆಯ ಸಾಕಾರಮೂರ್ತಿ ಬರುತ್ತಿತ್ತು!

ಮುಖ ಬೇರೆ ಎಂದು ಯಾರಿಗೂ ಅನಿಸಲಿಲ್ಲ. ಚುನಾವಣೆಯ ಪೋಸ್ಟರಿಗೂ ಅಭ್ಯರ್ಥಿಯ ಮುಖಕ್ಕೂ ಹೋಲಿಕೆ ಇರಬೇಕೆಂದು ಯಾವ ಊರಲ್ಲೂ ನಿಯಮವಿಲ್ಲ. ಬಾವುಟದ ಬಣ್ಣ ಕಂಡು ಒಬ್ಬಿಬ್ಬರು ಹುಬ್ಬು ಹಾರಿಸಿದರು. ಆದರೆ ಕೇರಳದ ಪಕ್ಷಗಳು ಒಡೆದು ಒಡೆದು, ಹೆಸರಿನ ಕೊನೆಗೆ ಆವರಣದೊಳಗೆ ಹಾಕಿಕೊಳ್ಳುವ ಅಕ್ಷರಗಳೇ ಮುಗಿಯುತ್ತಾ ಬಂದಿರುವಾಗ ಹೊಸ ಬಣ್ಣವೊಂದು ಹುಟ್ಟಿದರೆ ಅಚ್ಚರಿಯೇನು?

ಪ್ಲಾಮೂಡಿನ ಮುಖ್ಯ ಸ್ವಾಗತ ಸಮಿತಿ ಕಾದು ನಿಂತಿತ್ತು. ಕಮಲಾಕ್ಷರು ಬ್ರೇಕು ಹಿಡಿಯುವಷ್ಟರಲ್ಲಿ ಕೊರಳಿಗೆ ಮೂರು ಚೆಂಡುಹೂವಿನ ಹಾರ ಬಿದ್ದವು. ಕೈಗೊಂದು ಲೋಟ ನಿಂಬೆ ಶರಬತ್ತು ಬಂತು.

"ಞಾನ್ ಅಲ್ಲ! ಞಾನ್ ಅಲ್ಲ!" ನಾನಲ್ಲ, ನಾನಲ್ಲ ಎಂದು ಕಮಲಾಕ್ಷರು ಕೂಗಿದರು.

"ಎಂತೊರು ವಿನಯಂ!" ಎಂದು ಸಮಿತಿಯ ಅಧ್ಯಕ್ಷರು ಗದ್ಗದರಾದರು. ಇಂಥ ವಿನಯವನ್ನು ಅವರು ಯಾವ ಅಭ್ಯರ್ಥಿಯಲ್ಲೂ ಕಂಡಿರಲಿಲ್ಲವಂತೆ.

ಒಬ್ಬ ಅಜ್ಜಿ ಮುಂದೆ ಬಂದು ಅವರ ಕೈ ಹಿಡಿದುಕೊಂಡು, ತನ್ನ ಮನೆಯ ಮುಂದಿನ ಚರಂಡಿಯ ಕತೆ ಹೇಳತೊಡಗಿದರು. ಗಾಬರಿಯಲ್ಲಿ ಕಮಲಾಕ್ಷರ ಬಾಯಿಂದ ಹೊರಟದ್ದು ಅಭ್ಯಾಸವಾದ ಮಾತೇ.

"ನೋಕ್ಕಾಂ."

"ಬೀದಿ ದೀಪ?" ಎಂದು ಇನ್ನೊಬ್ಬರು.

"ನಾಳೆ ವರೂ."

"ಪಿಂಚಣಿ?"

"ಆಧಾರ್ ವೇಣಂ."

ಜನ ಜೈಕಾರ ಹಾಕಿದರು! ಇಷ್ಟು ಸ್ಪಷ್ಟವಾಗಿ, ಇಷ್ಟು ಚುಟುಕಾಗಿ ಮಾತಾಡುವ ನಾಯಕ ಆ ವಾರ್ಡಿಗೆ ಸಿಕ್ಕಿದ್ದು ಅದೇ ಮೊದಲು.

ಕಮಲಾಕ್ಷರು ಅಲ್ಲೇ ಇಳಿದು ಓಡಿಹೋಗಬಹುದಿತ್ತು. ಓಡುತ್ತಿದ್ದರು ಕೂಡ. ಆದರೆ ಪ್ಲಾಮೂಡಿನಿಂದ ಪಿ.ಎಂ.ಜಿ. ವೃತ್ತಕ್ಕೆ ಹೋಗುವ ಏರು ಎದುರಿಗೇ ನಿಂತಿತ್ತು. ಇಪ್ಪತ್ತೊಂದು ಗೇರುಗಳಲ್ಲಿ ಇಪ್ಪತ್ತನ್ನು ಅವರು ಆಗಲೇ ಬಳಸಿ ಮುಗಿಸಿದ್ದರು, ಇಪ್ಪತ್ತೊಂದನೆಯದು ಯಾವ ಕಡೆಗೆ ಬೀಳುತ್ತದೆಂದು ಗೊತ್ತಿರಲಿಲ್ಲ. ಅಷ್ಟರಲ್ಲಿ ಆರು ಮಂದಿ ಕಾರ್ಯಕರ್ತರು ಹಿಂದಿನಿಂದ ಸೈಕಲ್ ದೂಡಲು ಶುರುಮಾಡಿದರು. ತುಳಿಯದೆಯೇ ಸೈಕಲ್ ಏರು ಹತ್ತಿತು! ತಂಗಾಳಿ ಬೀಸಿತು. "ಧೀರಾ ವೀರಾ ಪುಷ್ಕರಾ, ಧೀರತಯೋಡೆ ನಯಿಚ್ಚೋಳೂ", ಧೈರ್ಯದಿಂದ ಮುನ್ನಡೆಸು ಎಂದು ಘೋಷಣೆ ಮೊಳಗಿತು. ನಿಜ ಹೇಳಬೇಕೆಂದರೆ, ಆ ಮುನ್ನೂರು ಮೀಟರ್ ಕಮಲಾಕ್ಷರಿಗೆ ತಾವು ಪುಷ್ಕರನ್ ಆಗಿದ್ದರೂ ಅಡ್ಡಿಯಿಲ್ಲ ಅನಿಸಿತು. ಎಡಗೈ ಎತ್ತಿ ಎರಡು ಸಲ ಬೀಸಿಯೂ ಬಿಟ್ಟರು.

ಏರಿನ ತುದಿಯಲ್ಲಿ ಪೊಲೀಸರು ಮೆರವಣಿಗೆಗೆ ದಾರಿ ಬಿಟ್ಟು, ಉಳಿದ ವಾಹನಗಳನ್ನೆಲ್ಲ ಹಗ್ಗ ಕಟ್ಟಿ ತಡೆದು ನಿಲ್ಲಿಸಿದರು. ಮೊದಲು ತಡೆದದ್ದು ಕುಸುಮಾವತಿಯ ಕಾರನ್ನು!

ಆಗ ಚಡ್ಡಿಯ ಕಿಸೆಯಲ್ಲಿ ಫೋನು ನಡುಗಿತು. ಕಾಸರಗೋಡಿನ ಜುಬೈದಾ.

"ಸಾರ್, ಎಲ್ಲಿದ್ದೀರಿ? ಗಂಟೆ ಹತ್ತೂಕಾಲು ಆಯ್ತು. ಎಪ್ಪತ್ತು ಜನ ಪಿಂಚಣಿಗೆ ಬಂದು ಕೂತಿದ್ದಾರೆ. ನನ್ನ ಕೀಲಿ ಹಾಕಿ ಆಯ್ತು. ನಿಮ್ಮದು?"

ಕಮಲಾಕ್ಷರು ಹಿಂತಿರುಗಿ ನೋಡಿದರು. ಕೀಲಿ ಚೀಲದಲ್ಲಿ, ಚೀಲ ಕಾರಿನಲ್ಲಿ, ಕಾರು ಪೊಲೀಸರ ಹಗ್ಗದ ಆಚೆ. ಪ್ಯಾಂಟೂ ಅಲ್ಲಿಯೇ!

"ಇನ್ನೊಂದು ವಿಷಯ ಸಾರ್," ಜುಬೈದಾ ದನಿ ತಗ್ಗಿಸಿದಳು. "ರೀಜನಲ್ ಮ್ಯಾನೇಜರ್ ನಂದಿತಾ ಮೇಡಂ ಬಂದಿದ್ದಾರೆ. ಬಾಗಿಲಲ್ಲೇ ನಿಂತಿದ್ದಾರೆ."

ಈಗ ಕಮಲಾಕ್ಷರ ಬೆನ್ನಿನಲ್ಲಿ ಬೇರೆಯೇ ಬೆವರು ಇಳಿಯಿತು. ಚುನಾವಣೆಯ ಮೆರವಣಿಗೆಯಲ್ಲಿ ಬ್ಯಾಂಕ್ ನೌಕರ ಕಾಣಿಸಿಕೊಳ್ಳುವಂತಿಲ್ಲ. ಸೇವಾ ನಿಯಮದಲ್ಲಿ ಸ್ಪಷ್ಟವಾಗಿ ಬರೆದಿದೆ. ಇವರು ಕಾಣಿಸಿಕೊಂಡದ್ದಲ್ಲ, ಮುಂದಾಳತ್ವವನ್ನೇ ವಹಿಸಿದ್ದರು! ಮೂವತ್ತು ವರ್ಷದ ಕಳಂಕವಿಲ್ಲದ ನೌಕರಿ ಮೂರು ಹಾರಗಳಿಗೆ ಬಲಿ!

ಅವರು ಎದ್ದು ನಿಂತು ತುಳಿದರು. ತಪ್ಪಿಸಿಕೊಳ್ಳಲು ತುಳಿದರೆ ಅದು ಉತ್ಸಾಹವೆಂದು ತಿಳಿದು ಕಾರ್ಯಕರ್ತರೂ ಓಡಿದರು. ಕಮಲಾಕ್ಷರು ಶಾಖೆಯ ಕಡೆ ತಿರುಗಿದರೆ ಮೆರವಣಿಗೆಯೂ ಶಾಖೆಯ ಕಡೆ ತಿರುಗಿತು. ಬಾಗಿಲ ಮುಂದೆ ಎಪ್ಪತ್ತು ಮಂದಿ ಪಿಂಚಣಿದಾರರು, ಜುಬೈದಾ, ಮತ್ತು ಕೈಕಟ್ಟಿ ನಿಂತ ಮೈಸೂರಿನ ನಂದಿತಾ ಮೇಡಂ. ಘೋಷಣೆ ನಿಧಾನಕ್ಕೆ ನಿಂತಿತು.

"ಕಮಲಾಕ್ಷ ಅವರೇ, ಏನ್ರೀ ಇದು?"

"ಮೇಡಂ, ಪರಿಸರ..."

"ಪರಿಸರ ಇರ್ಲಿ. ಪ್ಯಾಂಟ್ ಎಲ್ಲಿ?"

ಕಮಲಾಕ್ಷರು ಹಾರಗಳನ್ನು ತುಸು ಕೆಳಕ್ಕೆ ಎಳೆದುಕೊಂಡರು. ಹಾರಕ್ಕೂ ಒಂದು ಮಿತಿ ಇರುತ್ತದೆ.

ಪ್ಯಾಂಟು ಆ ಹೊತ್ತಿಗೆ ಪೊಲೀಸರ ಹಗ್ಗದ ಬಳಿ ನ್ಯಾಯ ಕೇಳುತ್ತಿತ್ತು. ಕುಸುಮಾವತಿ ಕಾರಿನಿಂದಿಳಿದು, ಬಂಟ್ವಾಳದ ಕನ್ನಡದಲ್ಲಿ ಒಬ್ಬ ಇನ್‌ಸ್ಪೆಕ್ಟರನ್ನು ವಿಚಾರಿಸಿಕೊಳ್ಳುತ್ತಿದ್ದರು. ನಿಶಾ ಅದನ್ನು ಮಲಯಾಳಂಗೆ ಇಳಿಸುತ್ತಿದ್ದಳು, ಬಯ್ಗುಳಗಳನ್ನು ಸೋಸಿ. ಅಷ್ಟರಲ್ಲಿ ಹಿಂದಿನಿಂದ ಒಬ್ಬ ಬಿಳಿ ಶರಟಿನ ಗಿಡ್ಡ ಮನುಷ್ಯ ಜೀಪು ಬಿಟ್ಟು ಓಡೋಡಿ ಬಂದರು. ಎದೆಗೆ ಒಂದು ಹೂವೂ ಬೀಳದ ಅಸಲಿ ಪುಷ್ಕರನ್! ಕತೆ ಗೊತ್ತಾದೊಡನೆ ಕುಸುಮಾವತಿ ಹಿಂದಿನ ಬಾಗಿಲು ತೆರೆದರು.

"ಬೇಗ ಹತ್ತಿ. ನಿಮಗೆ ನಿಮ್ಮ ಜನ ಬೇಕು, ನನಗೆ ನನ್ನ ಗಂಡ ಬೇಕು."

ಅಭ್ಯರ್ಥಿ ಒಳಗಿರುವ ಕಾರನ್ನು ಪೊಲೀಸರು ತಡೆಯಲಿಲ್ಲ. ಶಾಖೆಯ ಮುಂದೆ ಕಾರು ಗಕ್ಕನೆ ನಿಂತಿತು. ಹಿಂದಿನ ಕಿಟಕಿಯಿಂದ ಪುಷ್ಕರನ್ ಅವರ ಕೈ ಹೊರಬಂತು. ಕೈಯಲ್ಲಿ ಹ್ಯಾಂಗರ್, ಹ್ಯಾಂಗರಿನಲ್ಲಿ ಒಂದು ಮಡಿಕೆಯೂ ಕೆಡದ ಪ್ಯಾಂಟು! ಅಭ್ಯರ್ಥಿ ಕಂಡರೆಂದು ಜನ ಮತ್ತೆ ಜೈಕಾರ ಹಾಕಿದರು, ಈ ಬಾರಿ ಯಾರಿಗೆ ಹಾಕಿದರೋ ತಿಳಿಯದು. ಕಮಲಾಕ್ಷರು ಹಾರಗಳನ್ನು ಒಂದೊಂದಾಗಿ ತೆಗೆದು ಪುಷ್ಕರನ್ ಕೊರಳಿಗೆ ಹಾಕಿದರು. ಪುಷ್ಕರನ್ ಕೀಲಿಯ ಚೀಲವನ್ನು ಅವರಿಗೆ ಒಪ್ಪಿಸಿದರು. ಅಧಿಕಾರ ಹಸ್ತಾಂತರ ಶಾಂತಿಯುತವಾಗಿ ನಡೆಯಿತು.

"ಸಾರೇ, ನೀವು ಬೇಡ," ಎಂದು ಹೊರಡುವಾಗ ಪುಷ್ಕರನ್ ನಿಶಾಳ ಮೂಲಕ ಹೇಳಿಸಿದರು. "ಮುಂದಿನ ಸಲ ಈ ಅಕ್ಕ ಚುನಾವಣೆಗೆ ನಿಲ್ಲಬೇಕು. ಇನ್‌ಸ್ಪೆಕ್ಟರ್ ಹೆದರಿದ್ದನ್ನು ನಾನು ಕಣ್ಣಾರೆ ಕಂಡೆ."

ಭದ್ರತಾ ಕೋಣೆ ಹನ್ನೊಂದಕ್ಕೆ ತೆರೆಯಿತು. ಕಮಲಾಕ್ಷರು ನಡೆದದ್ದನ್ನೆಲ್ಲ ಎರಡು ಪುಟ ಬರೆದು ನಂದಿತಾ ಮೇಡಂ ಮುಂದಿಟ್ಟು, ಅಮಾನತಿನ ಆದೇಶಕ್ಕೆ ತಲೆಬಾಗಿ ನಿಂತರು. ಮೇಡಂ ಓದಿದರು. ಮೊದಲ ಪುಟದಲ್ಲಿ ಕನ್ನಡಕ ತೆಗೆದರು, ಎರಡನೆಯದರಲ್ಲಿ ಕಣ್ಣೊರೆಸಿಕೊಂಡರು. ನಕ್ಕು ನಕ್ಕು ಬಂದ ನೀರು.

"ಇದನ್ನ ಯಾರಿಗೂ ಕಳಿಸಲ್ಲ, ನಡೀರಿ. ಆದ್ರೆ ಒಂದು ಸಾಲು ಮಾತ್ರ ಹೊಡೆದು ಹಾಕಿ. 'ಊರಿನ ಟ್ರಾಫಿಕ್ ಕಡಿಮೆ ಮಾಡುವ ಸಲುವಾಗಿ' ಅಂತ ಬರೆದಿದ್ದೀರಲ್ಲ, ಅದು. ನಿಮ್ಮ ಜಾಮಿನಲ್ಲಿ ಸಿಕ್ಕಿಕೊಂಡು, ಪಟ್ಟಂನಲ್ಲೇ ಕಾರು ಬಿಟ್ಟು ನಡ್ಕೊಂಡು ಬಂದೋಳು ನಾನು."

ಮರುದಿನದಿಂದ ಕಮಲಾಕ್ಷರು ಕಾರಿಗೆ ಮರಳಿದರು. ಹೆಸರು ಬದಲಾಯಿಸುವ ವಿಚಾರವನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ಸೈಕಲ್ ಮಾತ್ರ ಬಾಲ್ಕನಿಯಲ್ಲಿ ನಿಲ್ಲಲಿಲ್ಲ. ಕುಸುಮಾವತಿ ಒಂದು ದಿನ ಸೀಟು ತಗ್ಗಿಸಿ, ಚೂಡಿದಾರದ ಕಾಲಿಗೆ ರಬ್ಬರ್ ಬ್ಯಾಂಡ್ ಹಾಕಿ, ಸೊಪ್ಪು ತರಲು ಹೋಗಿ ಹದಿನೈದು ನಿಮಿಷದಲ್ಲಿ ಮರಳಿದರು. ಬಾವುಟವೂ ಇಲ್ಲ, ಬೆಂಗಾವಲೂ ಇಲ್ಲ.

ಮುಂದಿನ ವಾರ ಸಂಜೆ, ಕೇಶವದಾಸಪುರದ ಸಿಗ್ನಲ್ಲಿನಲ್ಲಿ ಕಮಲಾಕ್ಷರ ಕಾರು ನಲವತ್ತು ನಿಮಿಷದಿಂದ ಬೇರು ಬಿಟ್ಟು ನಿಂತಿತ್ತು. ಕಿಟಕಿಯ ಪಕ್ಕ ಟ್ರಿಣ್ ಎಂದಿತು. ಹ್ಯಾಂಡಲಿಗೆ ಚೀಲ ನೇತುಹಾಕಿಕೊಂಡ ಕುಸುಮಾವತಿ!

"ಗ್ಲಾಸು ಇಳಿಸಿ," ಎಂದವರೇ ಒಂದು ದೊಡ್ಡ ಬೂದುಗುಂಬಳಕಾಯಿಯನ್ನು ಅವರ ಮಡಿಲಿಗೆ ಇಳಿಸಿದರು. "ಇದು ಭಾರ ಆಗ್ತದೆ, ನೀವು ತನ್ನಿ. ಮೆಲ್ಲ ಬನ್ನಿ, ತಾಗಿಸ್ಬೇಡಿ. ನಾನು ಹೋಗಿ ಅನ್ನಕ್ಕಿಡ್ತೇನೆ."

ಅವರು ಕಾರುಗಳ ನಡುವೆ ಮೀನಿನಂತೆ ಜಾರಿ ಮರೆಯಾದರು. ಪಕ್ಕದಲ್ಲಿ ನಿಂತಿದ್ದ ಆಟೋದವನು ಇದನ್ನೆಲ್ಲ ನೋಡಿ, ಕುಂಬಳಕಾಯಿ ತಬ್ಬಿ ಕೂತ ಕಮಲಾಕ್ಷರ ಕಡೆ ಬಾಗಿದ. ಕನಿಕರದಿಂದ, ಒಬ್ಬ ಚಾಲಕ ಇನ್ನೊಬ್ಬ ಚಾಲಕನನ್ನು ಕೇಳುವ ಹಾಗೆ ಕೇಳಿದ.

"ಚೇಚಿ ಎತ್ರ ಶಂಬಳಂ ತರುಂ?" ಅಕ್ಕ ಎಷ್ಟು ಸಂಬಳ ಕೊಡ್ತಾರೆ?

ಕಮಲಾಕ್ಷರು ಜಾರುತ್ತಿದ್ದ ಕುಂಬಳಕಾಯಿಯನ್ನು ಸರಿಯಾಗಿ ತಬ್ಬಿಕೊಂಡರು.

"ಶಂಬಳಂ ಇಲ್ಲ," ಎಂದರು. "ಊಟ, ವಸತಿ ಮಾತ್ರ."