ಅತ್ತೆಯ ಡಿಎನ್‌ಎ, ಮಾವನ ಮಡಿ

ನಮ್ಮ ಸೋದರತ್ತೆಯನ್ನು ಯಾರಾದರೂ ಪುಣ್ಯಾತ್ಮರು ಪೊಲೀಸರಿಗೆ ಹಿಡಿದುಕೊಡಬೇಕು. ತಮಾಷೆಗೆ ಹೇಳುತ್ತಿಲ್ಲ. ಯಾವ ಕಲಮಿನ ಕೆಳಗೆ ಎಂದು ಕೇಳಿದರೆ ನನಗೆ ಗೊತ್ತಿಲ್ಲ, ನಾನು ಓದಿದ್ದು ಬಿ.ಕಾಂ. ಆದರೆ ಗಂಡನ ಮಡಿ ಕುಕ್ಕರಿನಲ್ಲಿ ಪ್ಲಾಸ್ಟಿಕ್ ಬೇಯಿಸುವುದು, ಮನೆಗೆ ಬಂದವರಿಗೆ ಕಾಫಿ ಕೊಡುವ ಮುಂಚೆ ‘ಈ ಲೋಟಕ್ಕೆ ಉಗೀರಿ’ ಎನ್ನುವುದು, ಊಟದ ಡಬ್ಬಿಗೆ ಕರೆಂಟು ಹರಿಸುವುದು, ಇಷ್ಟಕ್ಕೂ ಸೇರಿ ಈ ದೇಶದಲ್ಲಿ ಒಂದೇ ಒಂದು ಕಲಮು ಇಲ್ಲವೆಂದರೆ ಅದು ಯಾವ ಸೀಮೆಯ ಕಾನೂನು ಸ್ವಾಮಿ?

ಅತ್ತೆ ಕಾಲೇಜಿನಲ್ಲಿ ಜೈವಿಕ ತಂತ್ರಜ್ಞಾನ ಪಾಠ ಮಾಡಿ ನಿವೃತ್ತರಾದವರು. ನಿವೃತ್ತರಾದವರು ಏನು ಮಾಡಬೇಕು? ಹೇಮಾವತಿ ಕಡೆಗೆ ವಾಕಿಂಗ್ ಹೋಗಬೇಕು, ಸಂಜೆ ಒಂದು ಸೀರಿಯಲ್ ನೋಡಬೇಕು, ಹಾಸನದಲ್ಲಿರುವ ನನ್ನಂಥ ಸೋದರಸೊಸೆಗೆ ಹಪ್ಪಳ ಸಂಡಿಗೆ ಕಳಿಸಬೇಕು. ನಮ್ಮತ್ತೆ ಹೊಳೆನರಸೀಪುರದ ಮನೆಯ ಹಜಾರದಲ್ಲಿ ಲ್ಯಾಬು ತೆರೆದರು!

ಯಾಕೆ ಎಂದು ಕೇಳಿದ್ದೇ ತಪ್ಪಾಯಿತು.

“ಯಾಕಾ? ಹಾಸನ, ಅರಕಲಗೂಡು, ಚನ್ನರಾಯಪಟ್ಟಣ, ಎಲ್ಲಾ ಕಡೆ ಮಕ್ಕಳು ಡಿಎನ್‌ಎ ಚಿತ್ರ ಬರೆದು, ಅದಕ್ಕೆ ಕೆಂಪು ಹಸಿರು ಬಣ್ಣ ಹಚ್ಚಿ ಪದವಿ ತಗೋತಾರೆ ಕಣೇ! ಒಬ್ಬಳಿಗಾದ್ರೂ ಹನಿ ಅಳೆಯೋ ಪೈಪೆಟ್ ಹಿಡಿಯಕ್ಕೆ ಬರಲ್ಲ. ಉಪಕರಣ ಇಲ್ಲ ಅಂದ್ಕೊಂಡ್ಯಾ? ಇದೆ. ಬೀರು ಒಳಗಿದೆ, ಬೀಗ ಹಾಕಿದೆ. ಸುತ್ತಿದ ಪ್ಲಾಸ್ಟಿಕ್ ಕೂಡ ಬಿಚ್ಚಿಲ್ಲ. ಮಕ್ಕಳು ಮುಟ್ಟಿದ್ರೆ ಹಾಳಾಗತ್ತಂತೆ! ಮುಟ್ಟದೇ ಇದ್ರೆ ಮಕ್ಕಳೇ ಹಾಳಾಗ್ತಾರಲ್ಲ, ಅದನ್ನ ಯಾರು ಕೇಳ್ತಾರೆ?”

ಹೀಗೆ ಭಾನುವಾರ ಬಂತೆಂದರೆ ಕೊನೆಯ ವರ್ಷದ ಬಿ.ಎಸ್ಸಿ. ಹುಡುಗಿಯರು ಅಲ್ಲಲ್ಲಿಂದ ಬಸ್ಸು ಹಿಡಿದು ಬರತೊಡಗಿದರು. ಅತ್ತೆ ಅವರಿಗೆ ಬಿಟ್ಟಿ ಪಾಠ ಹೇಳುತ್ತಿದ್ದರು. ಪರೀಕ್ಷೆ ಹತ್ತಿರದಲ್ಲಿತ್ತು, ಹುಡುಗಿಯರಿಗೆ ಪ್ರಾಯೋಗಿಕ ಪರೀಕ್ಷೆಯೆಂದರೆ ಅಳುವೇ ಬರುತ್ತಿತ್ತು. ಉದ್ದೇಶ ಒಳ್ಳೆಯದೇ. ನಾನು ಎಲ್ಲಿ ಇಲ್ಲ ಎಂದೆ? ಆದರೆ ಆ ಮನೆಯಲ್ಲಿ ಮಾವ ಎಂಬ ಮತ್ತೊಬ್ಬರಿದ್ದಾರಲ್ಲ!

ಮಾವನದು ಮಡಿ. ಅಂಥಿಂಥ ಮಡಿಯಲ್ಲ. ಅಡಿಗೆ ಅವರೇ ಮಾಡಬೇಕು, ಅದೂ ಸ್ನಾನ ಮಾಡಿ, ಯಾರೂ ಮುಟ್ಟದ ಪಂಚೆ ಉಟ್ಟು. ಆ ಪಂಚೆ ಒಣಗುವುದು ಸೂರಿಗೆ ಕಟ್ಟಿದ ಗಳುವಿನ ಮೇಲೆ. ಅದನ್ನು ಹಾಕುವುದು, ತೆಗೆಯುವುದು ಒಂದು ಉದ್ದನೆಯ ಬಿದಿರಿನ ಮಡಿಕೋಲಿನಿಂದ. ಅತ್ತೆಗೆ ಅಡಿಗೆ ಬರುವುದಿಲ್ಲ, ಮಾವನಿಗೆ ಬೇರೆಯವರ ಅಡಿಗೆ ಸೇರುವುದಿಲ್ಲ. ಈ ಎರಡು ಜಾತಕಗಳನ್ನು ಕೂಡಿಸಿದ ಜೋಯಿಸರಿಗೆ ಶಾಲು ಹೊದಿಸಬೇಕು.

ಈಗ ನನ್ನ ಪಾಡು ಕೇಳಿ. ಹಾಸನದಿಂದ ಬಸ್ಸಿನಲ್ಲಿ ಕುಲುಕಾಡಿಕೊಂಡು ಬಂದು ಹಜಾರಕ್ಕೆ ಕಾಲಿಟ್ಟರೆ, ಅತ್ತೆ ಗ್ಲೌಸ್ ಹಾಕಿದ ಕೈ ಎತ್ತಿ, “ಅಲ್ಲೇ ನಿಲ್ಲೇ! ಆ ಮೇಜು ಮುಟ್ಬೇಡ. ಸ್ಪಿರಿಟ್ಟಲ್ಲಿ ಒರೆಸಿದೀನಿ” ಎನ್ನುತ್ತಿದ್ದರು. ಸರಿ, ನೀರು ಕುಡಿಯೋಣವೆಂದು ಅಡಿಗೆಮನೆ ಕಡೆ ಹೋದರೆ ಒಳಗಿನಿಂದ ಮಾವ, “ಬಂದ್ಯಾ ಪುಟ್ಟಿ? ಹೊಸಲು ದಾಟ್ಬೇಡಮ್ಮ. ಏನೂ ಮುಟ್ಬೇಡ, ಮಡೀಲಿದೀನಿ” ಎನ್ನುತ್ತಿದ್ದರು. ಅತ್ತೆಯ ಪ್ರಕಾರ ನನ್ನ ಮೈಮೇಲೆ ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾ. ಮಾವನ ಪ್ರಕಾರ ಲೆಕ್ಕವಿಲ್ಲದಷ್ಟು ಬಸ್ಸಿನ ಜನ. ಎರಡು ‘ಮುಟ್ಬೇಡ’ಗಳ ನಡುವೆ ನಾನು ನಡುಮನೆಯ ಕಂಬಕ್ಕೆ ಒರಗಿ ನಿಲ್ಲುತ್ತಿದ್ದೆ. ಆ ಕಂಬವೊಂದೇ ಇಬ್ಬರಿಗೂ ಬೇಡವಾದದ್ದು!

ಕುಕ್ಕರಿನ ಕಥೆ ಹೇಳುತ್ತೇನೆ. ಪೈಪೆಟ್ಟಿನ ತುದಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಕೊಳವೆಗಳನ್ನು ಹಬೆಯಲ್ಲಿ ಬೇಯಿಸಿ ಶುದ್ಧ ಮಾಡಬೇಕಂತೆ. ಅದಕ್ಕೆ ದೊಡ್ಡ ಯಂತ್ರವಿದೆಯಂತೆ. ಅತ್ತೆಯ ಬಳಿ ಯಂತ್ರ ಎಲ್ಲಿಂದ ಬರಬೇಕು? ಮಾವ ದೇವರ ಮುಂದೆ ಕಣ್ಣು ಮುಚ್ಚಿ ಕೂತಾಗ ಅವರ ಕುಕ್ಕರನ್ನೇ ಎತ್ತಿಕೊಂಡು ಹೋಗಿ ಕೂಗಿಸಿದರು. ಗುಟ್ಟಾಗಿ ವಾಪಸ್ಸೂ ಇಟ್ಟರು. ಅವತ್ತು ಮಧ್ಯಾಹ್ನ ಮಾವ ನುಗ್ಗೇಕಾಯಿ ಹುಳಿ ಬಡಿಸಿದರು. ನಾನು ಒಂದು ತುಂಡನ್ನು ಬಾಯಿಗಿಟ್ಟು ಜಗಿದೆ, ಜಗಿದೆ, ಜಗಿಯುತ್ತಲೇ ಇದ್ದೆ.

“ನುಗ್ಗೇಕಾಯಿ ಬಲಿತುಬಿಟ್ಟಿದೆ ಅಲ್ವಾ ಮಾವ?” ಎಂದು ಅದನ್ನು ತೆಗೆದು ಎಲೆಯ ತುದಿಗಿಟ್ಟೆ.

ಅತ್ತೆ ನನ್ನ ಎಲೆಯನ್ನು ಬಗ್ಗಿ ನೋಡಿ, ಮುಖ ಅರಳಿಸಿಕೊಂಡು, “ಅಯ್ಯೋ, ಇಲ್ಲಿತ್ತಾ ಇದು? ಆಗಿಂದ ಒಂದು ಕಮ್ಮಿ ಬರ್ತಿತ್ತು!” ಎಂದರು. ನನ್ನ ಹಲ್ಲಿನ ಬಗ್ಗೆ ಒಂದು ಮಾತಾದರೂ ಕೇಳಬೇಡವೇ?

ಇನ್ನು ಎಂಜಲಿನ ಪಾಠ. ಉಪ್ಪುನೀರು ಬಾಯಿಗೆ ಹಾಕಿ ಚೆನ್ನಾಗಿ ಮುಕ್ಕಳಿಸಿ ಲೋಟಕ್ಕೆ ಉಗಿಯಬೇಕು. ಕೆನ್ನೆಯ ಒಳಗಿನ ಜೀವಕೋಶಗಳು ಅದರಲ್ಲಿ ಬರುತ್ತವೆ. ಪಾತ್ರೆ ತೊಳೆಯುವ ಸೋಪಿನ ನೀರು ಒಂದಿಷ್ಟು ಸೇರಿಸಿದರೆ ಕೋಶ ಒಡೆದು ಡಿಎನ್‌ಎ ಹೊರಗೆ. ಮೇಲೆ ತಣ್ಣನೆಯ ಸ್ಪಿರಿಟ್ಟನ್ನು ಲೋಟದ ಅಂಚಿನಿಂದ ಮೆಲ್ಲಗೆ ಇಳಿಬಿಟ್ಟರೆ ಬಿಳಿ ಎಳೆಗಳು ತೇಲುತ್ತವೆ. ಎಂಜಲು, ಸೋಪು, ಸ್ಪಿರಿಟ್ಟು! ಮಡಿ ಮನೆಯ ಹಜಾರದಲ್ಲಿ!

ಒಂದು ಭಾನುವಾರ ಹಳೇಕೋಟೆಯ ಹುಡುಗಿಯ ಜೊತೆ ಅವಳ ತಂದೆಯೂ ಬಂದರು. ಬೇಸಾಯಗಾರರು. ಮಗಳು ವಾರವಾರ ಎಲ್ಲಿಗೆ ಹೋಗುತ್ತಾಳೆಂದು ನೋಡಿಕೊಂಡು ಹೋಗಲು ಬಂದವರಿಗೆ ಅತ್ತೆ ಸ್ಟೀಲ್ ಲೋಟ ಚಾಚಿದರು. ಆತ ಕಾಫಿಯೆಂದುಕೊಂಡು ಕೈ ಮುಂದೆ ಮಾಡಿದರು.

“ಇದಕ್ಕೆ ಉಗೀರಿ” ಎಂದರು ಅತ್ತೆ.

“ಏನಂದ್ರಿ ಅಮ್ಮಾರೇ? ನಿಮ್ಮನೆ ಲ್ವಾಟಕ್ಕಾ? ಬ್ಯಾಡಿ ತಾಯಿ, ನಾನ್ ಅಂಥೋನಲ್ಲ!”

“ಉಗಿಯಪ್ಪೋ, ಏನೂ ಆಗಾಕಿಲ್ಲ, ನಾವೆಲ್ಲಾ ಉಗಿದೀವಿ” ಎಂದಳು ಮಗಳು.

ಆತ ಅಡಿಗೆಮನೆ ಕಡೆ ಕಳ್ಳನೋಟ ಬೀರಿ, ಬೆನ್ನು ತಿರುಗಿಸಿ, ಅಂತೂ ಉಗಿದರು. ಅತ್ತೆ ಸ್ಪಿರಿಟ್ಟು ಹುಯ್ದು, ತೇಲಿದ ಎಳೆಯನ್ನು ಕಡ್ಡಿಗೆ ಸುತ್ತಿ ಎತ್ತಿ ತೋರಿಸಿದರು.

“ಇದಾ ನಾನು? ಅತ್ತಿ ಎಳೆ ಇದ್ದಂಗೈತಲ್ಲ!” ಎಂದು ನಕ್ಕ ಆತ ಇನ್ನಷ್ಟು ಬಗ್ಗಿ ನೋಡಿ, “ಇದ್ರಾಗೆ ನಮ್ಮಪ್ಪಾರೂ ಅವ್ರಾ?” ಎಂದರು.

“ಅರ್ಧ ಅವರದೇ. ಇನ್ನರ್ಧ ನಿಮ್ಮ ತಾಯೀದು.”

“ಅಂಗಾರೆ ಚೆಲ್ಬ್ಯಾಡಿ ಕಣಮ್ಮಾ. ಒಂದ್ ಸೀಸೇಗೆ ಆಕ್ಕೊಡಿ, ಮನೆಗೆ ತಕ್ಕಂಡ್ ಓಯ್ತೀನಿ.”

ಅತ್ತೆ ಸೀಸೆ ಹುಡುಕುವ ಸಂಭ್ರಮದಲ್ಲಿ ಅಡಿಗೆಮನೆಯ ಏಲಕ್ಕಿ ಸೀಸೆಯನ್ನೇ ಖಾಲಿ ಮಾಡಿದರು. ಮಾವ ಆ ಏಲಕ್ಕಿಯನ್ನು ತಿಪ್ಪೆಗೆ ಸುರಿದು ಮತ್ತೆ ಸ್ನಾನಕ್ಕೆ ಹೋದರು.

ಇಷ್ಟರಲ್ಲೇ ನಿಂತಿದ್ದರೆ ನಾನೂ ನಕ್ಕು ಸುಮ್ಮನಾಗುತ್ತಿದ್ದೆ. ಈಗ ಡಬ್ಬಿಯ ವಿಷಯಕ್ಕೆ ಬರುತ್ತೇನೆ.

ಜೀನನ್ನು ಕತ್ತರಿಸಿ ಇನ್ನೊಂದರೊಳಗೆ ಸೇರಿಸುವುದನ್ನು ಅತ್ತೆ ಹೂ ಕಟ್ಟಿ ಹೇಳಿಕೊಡುತ್ತಿದ್ದರು. ಮಲ್ಲಿಗೆ ಮಾಲೆಯನ್ನು ನಡುವೆ ಕತ್ತರಿಸಿ, ಗೇಣುದ್ದ ಕನಕಾಂಬರ ಸೇರಿಸಿ ಮತ್ತೆ ಗಂಟು ಹಾಕಿದರೆ ಆಯಿತು. ಕತ್ತರಿಸಲು ಒಂದು ಕಿಣ್ವ, ಗಂಟು ಹಾಕಲು ಇನ್ನೊಂದು. ಆದರೆ ನಿಜವಾಗಿ ತುಂಡಾಗಿದೆಯೋ ಇಲ್ಲವೋ ಕಣ್ಣಿಗೆ ಕಾಣಬೇಕಲ್ಲ? ಅದಕ್ಕೆ ಜೆಲ್ ಓಡಿಸಬೇಕು. ಹಾಲ್ಬಾಯಿಯಂಥ ಒಂದು ಪದರ ಮಾಡಿ, ಉಪ್ಪುನೀರಿನಂಥ ದ್ರವದಲ್ಲಿ ಮುಳುಗಿಸಿ, ಒಂದು ಕೊನೆಯಲ್ಲಿ ಗುರುತಿನ ಬಣ್ಣ ಬೆರೆಸಿದ ಡಿಎನ್‌ಎ ತುಂಬಿ ಕರೆಂಟು ಹರಿಸಿದರೆ ತುಂಡುಗಳು ಇನ್ನೊಂದು ಕೊನೆಗೆ ಓಡುತ್ತವೆ. ಹಾಸನದ ಬಸ್ಸಿಗೆ ಜನ ನುಗ್ಗಿದ ಹಾಗೆ. ಸಣಕಲರು ಸಂದಿಯಲ್ಲಿ ನುಸುಳಿ ಮುಂದೆ, ದಪ್ಪನೆಯವರು ಹಿಂದೆ. ಆಮೇಲೆ ಇನ್ನೊಂದು ಬಣ್ಣ ಹಾಕಿದರೆ ತುಂಡುಗಳೇ ನೀಲಿ ಗೆರೆಗಳಾಗಿ ಮೂಡುತ್ತವೆ.

ಅಂಗಡಿಯ ಜೆಲ್ ಡಬ್ಬಿಗೆ ಮುಚ್ಚಳ ತೆಗೆದರೆ ಕರೆಂಟು ತಾನೇ ನಿಲ್ಲುವ ವ್ಯವಸ್ಥೆ ಇರುತ್ತದೆ. ಇದು ನನಗೆ ಹೇಗೆ ಗೊತ್ತು? ಅತ್ತೆಯೇ ಹೇಳಿದ್ದು! ಕಾಲೇಜಿನಲ್ಲಿ ಇದ್ದಷ್ಟು ದಿನವೂ ಮಕ್ಕಳಿಗೆ ಹೇಳಿದ್ದು! ಹಾಗೆ ಹೇಳಿದವರು ಮನೆಯಲ್ಲಿ ಪ್ಲಾಸ್ಟಿಕ್ ಊಟದ ಡಬ್ಬಿಗೆ ತಂತಿ ಸಿಕ್ಕಿಸಿ, ಗೋಡೆಯ ಕರೆಂಟನ್ನು ತಾವೇ ಬೆಸುಗೆ ಹಾಕಿದ ಒಂದು ಪೆಟ್ಟಿಗೆಯ ಮೂಲಕ ನೇರವಾಗಿ ಅದಕ್ಕೆ ಹರಿಸಿಕೊಂಡರು. “ಅಪಾಯ ಅಲ್ವಾ ಅತ್ತೆ?” ಎಂದರೆ, “ಮುಟ್ಟಿದ್ರೆ ಅಪಾಯ. ಯಾರು ಮುಟ್ತಾರೆ? ಈ ಮನೇಲಿ ಯಾರೂ ಏನೂ ಮುಟ್ಟಲ್ಲ” ಎಂದರು. ಎಂಥ ಉತ್ತರ ನೋಡಿ! ಕಲಿತವರ ಧೈರ್ಯಕ್ಕೆ ಬೆಂಕಿ ಬೀಳ!

ಅವತ್ತು ಜೆಲ್ ಅರ್ಧ ಓಡಿತ್ತು. ಗುರುತಿನ ಬಣ್ಣ ಎಲ್ಲಿಗೆ ಬಂತೆಂದು ನೋಡಲು ಅತ್ತೆ ಮುಚ್ಚಳ ತೆಗೆದರು. ಅಷ್ಟರಲ್ಲಿ ಕರೆಂಟು ಹೋಯಿತು. ಹಜಾರ ಕತ್ತಲಾಯಿತೆಂದು ಹುಡುಗಿಯರನ್ನು ಹಿತ್ತಲ ಬಾಗಿಲ ಬೆಳಕಿಗೆ ಕರೆದುಕೊಂಡು ಹೋದರು. ಸ್ವಿಚ್ ಆರಿಸಲಿಲ್ಲ. ಇದನ್ನು ದಪ್ಪಕ್ಷರದಲ್ಲಿ ಓದಿಕೊಳ್ಳಿ: ಸ್ವಿಚ್ ಆರಿಸಲಿಲ್ಲ. ಹೋಗುವಾಗ ಒಬ್ಬ ಹುಡುಗಿಯ ದುಪಟ್ಟಾ ಗಳುವಿನಿಂದ ಇಳಿಬಿದ್ದಿದ್ದ ಮಾವನ ಪಂಚೆಗೆ ತಾಕಿತು. ಮಡಿ ಕೆಟ್ಟಿತು. ಬಚ್ಚಲಿನಿಂದ ಬಂದ ಮಾವ ಒದ್ದೆ ಪಂಚೆಯಲ್ಲೇ ದೇವರ ಮನೆಗೆ ಹೊರಟರು. ಬರಿಗಾಲು, ಹೆಜ್ಜೆ ಹೆಜ್ಜೆಗೂ ನೀರು.

ಹಜಾರದಲ್ಲಿ ಅವರು ನಿಂತದ್ದನ್ನು ಕಂಬದ ಹತ್ತಿರದಿಂದ ನಾನೇ ನೋಡಿದೆ. ಡಬ್ಬಿಯೊಳಗೆ ಬಗ್ಗಿ ನೋಡಿದರು. ಎಂದೂ ಆ ಮೇಜಿನ ಹತ್ತಿರ ಸುಳಿಯದವರು ಬೆರಳು ಅದ್ದಿದರು. ಕರೆಂಟು ಬಂತು.

ಫ್ಯಾನ್ ತಿರುಗಿತು. ಮಾವ ಕೂಗಲಿಲ್ಲ. ಜನ ಕೂಗುತ್ತಾರೆಂದು ನಾನು ತಿಳಿದಿದ್ದೆ. ಗಂಟಲಿನಿಂದ ಗರ್ ಎಂದು ಒಂದು ಸಣ್ಣ ಸದ್ದು, ಕೈ ಡಬ್ಬಿಗೆ ಕಚ್ಚಿಕೊಂಡಿತ್ತು, ಭುಜ ಅದುರುತ್ತಿತ್ತು. ನಾನು ಎರಡೂ ಕೈ ಚಾಚಿ ಓಡಿದೆ.

“ಮುಟ್ಬೇಡ!”

ಅತ್ತೆ. ಹಿತ್ತಲ ಬಾಗಿಲಿನಿಂದ. ಅಂಥ ದನಿಯನ್ನು ನಾನು ಅದುವರೆಗೆ ಕೇಳಿರಲಿಲ್ಲ. ನಿಂತುಬಿಟ್ಟೆ. ನಿಲ್ಲದಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಅತ್ತೆ ಗೋಡೆಗೆ ಒರಗಿದ್ದ ಮಡಿಕೋಲನ್ನು ಕಿತ್ತುಕೊಂಡು ಬಂದು ಗಂಡನ ಮೊಣಕೈಗೆ ಕೆಳಗಿನಿಂದ ಹೊಡೆದರು. ಮತ್ತೆ ಹೊಡೆದರು. ಕೈ ಬಿಟ್ಟುಕೊಂಡು ಮಾವ ಹಿಂದಕ್ಕೆ ಬಿದ್ದರು. ಒಣ ಬಿದಿರು ಕಾಪಾಡಿತು. ಈಗಲೂ ನಮ್ಮ ಮನೆಯ ಸ್ವಿಚ್ ಹಾಕುವಾಗ ಆ ಗರ್ ಸದ್ದು ಕೇಳಿ ನನ್ನ ಕೈ ಹಿಂದಕ್ಕೆ ಬರುತ್ತದೆ.

ಬೆರಳುಗಳು ಸುಟ್ಟಿದ್ದವು. ಎದೆಗೇನೂ ಆಗಿಲ್ಲ ಎಂದರು ಆಸ್ಪತ್ರೆಯ ಡಾಕ್ಟರು. ಹೇಗಾಯಿತು ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮುಂಚೆಯೇ ಮಾವ, “ನೀರು ಕಾಯ್ಸೋ ಕಾಯಿಲ್ಲು ಸಾರ್. ಹಳೇದು” ಎಂದರು.

“ಈ ವಯಸ್ಸಲ್ಲಿ ಕಾಯಿಲ್ ಯಾಕೆ ಇಟ್ಕೊಂಡಿದೀರಿ? ಮನೆಯವರಿಗಾದ್ರೂ ಬುದ್ಧಿ ಬೇಡ್ವೇ?” ಎಂದು ಡಾಕ್ಟರು ಅತ್ತೆಯ ಮುಖ ನೋಡಿದರು. ಅತ್ತೆ ನೆಲ ನೋಡಿದರು.

ಹೊರಗೆ ಬಂದ ಮೇಲೆ ನಾನೇ ಕೇಳಿದೆ. “ಕೈ ಯಾಕೆ ಹಾಕಿದ್ರಿ ಮಾವ?”

“ಆ ಹಾಲ್ಬಾಯಿ ಥರದ್ದು ಜಾರಿ ಮೂಲೆಗೆ ಹೋಗಿತ್ತಮ್ಮ. ಹೋದ ಸಲ ಜಾರಿ ಹಾಳಾದಾಗ ಇವಳು ಊಟಾನೇ ಮಾಡ್ಲಿಲ್ಲ. ಸರಿ ಮಾಡಿ, ಇನ್ನೊಂದು ಸ್ನಾನ ಮಾಡಿದ್ರಾಯ್ತು ಅಂದ್ಕೊಂಡೆ.”

ಮುಂದಿನ ಭಾನುವಾರ ನಾನು ಜಗಳಕ್ಕೆಂದೇ ಹೊರಟೆ. ಬಸ್ಸಿನುದ್ದಕ್ಕೂ ಮಾತು ಮಸೆದುಕೊಂಡೆ. ಓದಿದವರು ನೀವು, ನಿಮಗೆ ನಾಚಿಕೆಯಾಗಬೇಡವೇ, ಹುಡುಗಿಯರ ಪೈಕಿ ಒಬ್ಬಳು ಕೈ ಹಾಕಿದ್ದರೆ ಅವಳ ತಾಯಿಗೆ ಏನು ಹೇಳುತ್ತಿದ್ದಿರಿ, ಇವತ್ತೇ ಲ್ಯಾಬು ಮುಚ್ಚಿ. ಇಷ್ಟೂ ಮಾತು ನಾಲಿಗೆಯ ತುದಿಯಲ್ಲಿತ್ತು.

ಹಜಾರದ ಮೇಜು ಖಾಲಿ. ಡಬ್ಬಿ, ಆ ಪೆಟ್ಟಿಗೆ, ಎರಡನ್ನೂ ಅತ್ತೆ ಗುಂಡುಕಲ್ಲಿನಿಂದ ಜಜ್ಜಿ ಹಿತ್ತಲಿಗೆ ಎಸೆದಿದ್ದರು. ಹುಡುಗಿಯರ ಸದ್ದಿಲ್ಲ. ಅಡಿಗೆಮನೆಯ ಹೊಸಲಿನಲ್ಲಿ ನಿಂತು ಇಣುಕಿದೆ. ಯಾರೂ ಬರಬೇಡ ಎನ್ನಲಿಲ್ಲ.

ಮಾವ ಮಣೆಯ ಮೇಲೆ ಕೂತಿದ್ದರು, ಬಲಗೈ ತುಂಬ ಬ್ಯಾಂಡೇಜು. ಅತ್ತೆ ಎದುರಿಗೆ ಕೂತು ಅನ್ನ ಸಾರು ಕಲೆಸುತ್ತಿದ್ದರು. ಸಾರು ಅತ್ತೆಯೇ ಮಾಡಿದ್ದು. ಅದರ ಬಣ್ಣ ನೋಡಿಯೇ ನನಗೆ ಮಾವನ ಮೇಲೆ ಕನಿಕರ ಬಂತು.

“ಉಪ್ಪು?”

“ಸರಿಯಾಗಿದೆ.”

“ಸುಳ್ಳು ಹೇಳ್ಬೇಡಿ.”

“ಇವತ್ತು ಮಕ್ಕಳು ಯಾಕೆ ಬರ್ಲಿಲ್ಲ?”

“ಬರ್ಬೇಡಿ ಅಂತ ಹೇಳಿದೀನಿ. ಇನ್ನು ಯಾವತ್ತೂ ಬೇಡ. ನನಗೆ ಹೇಳ್ಕೊಡೋ ಯೋಗ್ಯತೆ ಇಲ್ಲ.”

“ಬರಕ್ಕೆ ಹೇಳು. ಪರೀಕ್ಷೆ ಹತ್ರ ಬಂತು. ಕರೆಂಟು ಬೇಡದ್ದು ಎಷ್ಟೋ ಇದೆಯಲ್ಲ, ಅದನ್ನ ಹೇಳ್ಕೊಡು. ನಾನೂ ಕೂತು ನೋಡ್ತೀನಿ.”

ಅತ್ತೆ ತುತ್ತು ಎತ್ತಿದರು. ಪೈಪೆಟ್ ಹಿಡಿದು ಕೂದಲೆಳೆಯಷ್ಟೂ ಅಲುಗಾಡದೆ ಹನಿ ಬಿಡುತ್ತಿದ್ದ ಆ ಕೈ ನಡುಗಿ ಅನ್ನ ಪಂಚೆಯ ಮೇಲೆ ಉದುರಿತು. ಇನ್ನೊಮ್ಮೆ ಎತ್ತಿದರು, ಇನ್ನೊಮ್ಮೆ ಉದುರಿತು. ಆಗ ಮಾವ ಎಡಗೈ ಚಾಚಿ ಹೆಂಡತಿಯ ಮಣಿಕಟ್ಟನ್ನು ಹಿಡಿದು, ಅದು ನಿಲ್ಲುವವರೆಗೆ ಕಾದು, ಮೆಲ್ಲಗೆ ತಮ್ಮ ಬಾಯಿಯ ಹತ್ತಿರಕ್ಕೆ ತಂದುಕೊಂಡರು.

ನಾನು ಹಳೇಕೋಟೆಯ ಹುಡುಗಿಗೆ ಫೋನು ಮಾಡಲು ಜಗಲಿಗೆ ಬಂದೆ.