ನಾದಿನಿಯ ಎಂಟನೇ ಭಾಷೆಯ ಹಾಡು

ನನ್ನ ನಾದಿನಿಯನ್ನು ಕಂಡರೆ ಕಾಸರಗೋಡಿನ ಗಾನಮೇಳದವರೆಲ್ಲ ಹೆದರುತ್ತಾರೆ. ಉತ್ಪ್ರೇಕ್ಷೆ ಎಂದುಕೊಂಡಿರಾ? ಸ್ಟೇಜಿನ ಮೇಲಿದ್ದ ಕೀಬೋರ್ಡಿನವನೊಬ್ಬ ದೂರದಿಂದಲೇ ಅವಳ ಬಿಳಿ ಜಡೆಯನ್ನು ಗುರುತಿಸಿ, ಡ್ರಮ್ಸಿನವನ ಕಿವಿಯಲ್ಲಿ ಪಿಸುಗುಟ್ಟಿದ್ದನ್ನು ನಾನೇ ಕಂಡಿದ್ದೇನೆ. ಅದೂ ಆಪರೇಷನ್ ಆದ ಕಣ್ಣಿನಿಂದ, ಪರ್ಫೆಕ್ಟ್ ಆಗಿ!

ಮೂಲತಃ ಬಾಯಾರು ಎಂಬ ಹಳ್ಳಿಯವಳು. ವಿದ್ಯಾನಗರದ ಸರಕಾರಿ ಆಫೀಸಿನಲ್ಲಿ ಕೆಲಸ ಸಿಕ್ಕಿದಾಗ "ಒಂದು ವಾರ ಇರ್ತೇನೆ ಅತ್ತಿಗೆ" ಎಂದು ನಮ್ಮ ಮನೆಗೆ ಬಂದಳು. ಬಡ್ತಿ ಸಿಕ್ಕಿತು, ರಿಟೈರೂ ಆದಳು. ಆ ವಾರ ಮಾತ್ರ ಇನ್ನೂ ಮುಗಿದಿಲ್ಲ. ಮದುವೆ? "ಅವನಿಗೆ ಹಾಡು ಇಷ್ಟ ಇಲ್ಲದಿದ್ರೆ ಎಂತ ಮಾಡುದು?" ಎಂದು ಬಂದ ಸಂಬಂಧಗಳನ್ನೆಲ್ಲ ವಾಪಸ್ ಕಳಿಸಿದಳು. ಹಾಡು ಇಷ್ಟವಿದ್ದವನೂ ಒಬ್ಬ ಬಂದ. "ಬೇಡ ಅತ್ತಿಗೆ, ಅವ ಸ್ವತಃ ಹಾಡ್ತಾನಂತೆ!"

ಕ್ಯಾಸೆಟ್ಟಿನ ಕಾಲದಲ್ಲಿ ಅವಳು ಕವರ್ ನೋಡಿ ಕೊಂಡವಳೇ ಅಲ್ಲ. ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಕಣ್ಣು ಮುಚ್ಚಿ ಕೈಹಾಕುವುದು, ಸಿಕ್ಕಿದ್ದನ್ನು ತರುವುದು. "ಗೊತ್ತಿದ್ದದ್ದನ್ನೇ ತರುದಾದ್ರೆ ಅದು ತೊಗರಿಬೇಳೆ, ಹಾಡಲ್ಲ" ಎನ್ನುವ ಸಿದ್ಧಾಂತ. ಹೀಗೆ ಒಮ್ಮೆ ತಂದದ್ದರಲ್ಲಿ ಇದ್ದದ್ದು ತೆಂಗಿನ ಮರದ ಕೀಟಗಳ ಬಗ್ಗೆ ತಜ್ಞರೊಬ್ಬರ ಭಾಷಣ. ಎರಡೂ ಸೈಡ್! ಪೂರ್ತಿ ಕೇಳಿ, "ಮನುಷ್ಯನಿಗೆ ಲಯ ಉಂಟು" ಎಂದು ಸರ್ಟಿಫಿಕೇಟ್ ಕೊಟ್ಟಳು. ನಮ್ಮ ಹಿತ್ತಿಲಿನಲ್ಲಿ ಹೆಸರಿಗೊಂದು ತೆಂಗಿನ ಮರವೂ ಇರಲಿಲ್ಲ.

ಈ ಎಲ್ಲ ರಗಳೆಗೆ ಕಾರಣವಾದ ಕ್ಯಾಸೆಟ್ಟೂ ಹಾಗೆಯೇ ಬಂತು. ಕವರಿನ ಮೇಲೆ ಭಜನೆ. ಒಳಗೆ ಯಾರೋ ಹೆಂಗಸು, ಯಾವುದೋ ಭಾಷೆ. ನಮ್ಮದು ಏಳು ಭಾಷೆಗಳ ಊರೆಂದು ಹೇಳಿಕೊಂಡು ತಿರುಗುತ್ತೇವಲ್ಲ? ತುಳು, ಮಲಯಾಳ, ಬ್ಯಾರಿ, ಕೊಂಕಣಿ ಬಲ್ಲವರೆಲ್ಲ ಬಂದು ಕೇಳಿ, ಗೊತ್ತಿಲ್ಲವೆಂದು ತಲೆಯಾಡಿಸಿದರು. ಗಲ್ಫಿನಿಂದ ಬಂದವರು "ಅರಬಿಯೂ ಅಲ್ಲ" ಎಂದು ಕೈತೊಳೆದುಕೊಂಡರು. ಅಂತೂ ಎಂಟನೆಯದು! ನಾದಿನಿ ಅದನ್ನು ಹಲ್ಲುಜ್ಜುವಾಗ ಹಾಕಿದಳು, ತರಕಾರಿ ಹೆಚ್ಚುವಾಗ ಹಾಕಿದಳು, ನನ್ನ ಗಂಡನ ಮಧ್ಯಾಹ್ನದ ನಿದ್ದೆಯ ಹೊತ್ತಿಗೂ ಹಾಕಿದಳು. ಗೋಡೆಯಾಚೆ ನಾನು ದಿಂಬಿನಿಂದ ಕಿವಿ ಮುಚ್ಚಿಕೊಂಡು ಬೈಯುತ್ತಿದ್ದೆ. ಕೊನೆಗೊಂದು ದಿನ ಟೇಪ್ ರೆಕಾರ್ಡರೇ ರೋಸಿಹೋಗಿ ಅದನ್ನು ನುಂಗಿತು. ಥ್ಯಾಂಕ್ ಗಾಡ್! ಅವತ್ತು ನಾನು ಪಾಯಸ ಮಾಡಿದೆ.

ಅಂದಿನಿಂದ ಆ ಹಾಡನ್ನು ಇನ್ನೊಮ್ಮೆ ಕೇಳುವುದೇ ಅವಳ ಜೀವಮಾನದ ಪೆಂಡಿಂಗ್ ಫೈಲು.

ಎಲ್ಲಿ ಲೈವ್ ಗಾನಮೇಳ ಉಂಟೋ ಅಲ್ಲಿಗೆ ಹೊರಟಳು. ಜೊತೆಗೆ ನಾನು, ಬಾಡಿಗಾರ್ಡ್. ಬೇಕಾದ ಹಾಡಿನ ಹೆಸರನ್ನು ಚೀಟಿಯಲ್ಲಿ ಬರೆದು ಸ್ಟೇಜಿಗೆ ಕಳಿಸುವುದು ಗಾನಮೇಳದ ಕ್ರಮ. ನಮ್ಮವಳ ಚೀಟಿ ಹೀಗೆ: "ವಿಷಯ: ಹೆಸರು ತಿಳಿಯದ ಹಾಡನ್ನು ಹಾಡುವ ಬಗ್ಗೆ. ಉಲ್ಲೇಖ: ಕಳೆದ ವರ್ಷದ ನನ್ನ ಚೀಟಿ, ಉತ್ತರ ಬಂದಿರುವುದಿಲ್ಲ. ವಿವರ: ಮೊದಲು ಕೊಳಲು, ಅನಂತರ ಹೆಂಗಸು ಸ್ವಲ್ಪ ಅಳುವುದು, ಆಮೇಲೆ ಸಮಾಧಾನ." ಕನ್ನಡದಲ್ಲೊಂದು ಪ್ರತಿ, ಮಲಯಾಳದಲ್ಲೊಂದು. ಕೆಳಗೆ ಸಹಿ!

ದೇಲಂಪಾಡಿಯಲ್ಲಿ ಒಬ್ಬ ಗಾಯಕ, ಪಾಪ, ಊಹಿಸಿಕೊಂಡು ಒಂದು ಜೋಗುಳ ಹಾಡಿದ. ಇವಳು ಎದ್ದು ನಿಂತು "ಇದಲ್ಲ" ಎಂದಳು. ಇನ್ನೊಂದು ಹಾಡಿದ. "ಇದೂ ಅಲ್ಲ." ಹಿಂದಿನ ಸಾಲಿನಿಂದ ಯಾರೋ, "ಅಮ್ಮಾ, ಕೂತ್ಕೊಳ್ಳಿ ಮಾರಾಯ್ರೆ, ನಮಗೆ ಇದಾದ್ರೂ ಸಾಕು!" ಎಂದರು. ನಾನು ಮುಖಕ್ಕೆ ಸೆರಗು ಹಾಕಿಕೊಂಡು, ಇವಳಿಗಲ್ಲ, ಆಚೆ ಬದಿಯ ಹೆಂಗಸಿಗೆ ಅತ್ತಿಗೆ ಎಂಬ ಹಾಗೆ ಕುಳಿತೆ. ವಾಟ್ ಆ್ಯನ್ ಎಂಬರಾಸ್‌ಮೆಂಟ್!

"ಫೋನಿಗೆ ಗುನುಗಿ ಅತ್ತೆ, ಅದು ಹುಡುಕಿ ಕೊಡ್ತದೆ" ಎಂದು ನನ್ನ ಮಗಳು ಉಪಾಯ ಹೇಳಿದಳು. ಗುನುಗಿದ್ದಾಯಿತು. ಫೋನು ಸೋಪಿನ ಜಾಹೀರಾತೊಂದನ್ನು ತೋರಿಸಿತು.

"ಇದಕ್ಕೆ ಕಿವಿ ಇಲ್ಲ ಮಾರಾಯ್ತಿ!"

ಫೋನಿನ ಪರವಾಗಿ ಒಂದು ಮಾತು ಹೇಳಲೇಬೇಕು: ನಾದಿನಿಗೆ ಸ್ವರ ಇಲ್ಲ.

ಮೊನ್ನೆ ಹತ್ತಿರದ ಕ್ಲಬ್ಬೊಂದರ ವಾರ್ಷಿಕೋತ್ಸವದಲ್ಲಿ ಗಾನಮೇಳವಿತ್ತು. ಹಾಡುವ ಹುಡುಗಿ ಇವಳ ಚೀಟಿಯನ್ನು ಪೂರ್ತಿ ಓದಿದಳು. ಪೂರ್ತಿ ಓದಿದವರು ಅವಳೇ ಮೊದಲು! ಮೈಕು ಹಿಡಿದು ಸೀದಾ ನಮ್ಮ ಸಾಲಿಗೇ ಇಳಿದು ಬಂದು, "ಒಂದು ಸಾಲು ನೀವು ಹಾಡಿ ಅಮ್ಮಾ, ನಾವು ಹಿಡ್ಕೊಳ್ತೇವೆ" ಎಂದಳು.

ನಾದಿನಿ ಗಂಟಲು ಸರಿಮಾಡಿಕೊಂಡಳು. ಬಾಯಿ ತೆರೆದಳು. ಮುಚ್ಚಿದಳು. ಮತ್ತೆ ತೆರೆದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಅತ್ತಿಗೆ, ಇಲ್ಲ."

"ಎಂತ ಇಲ್ಲ?"

"ಹಾಡು. ಮನೆಯಿಂದ ಹೊರಡುವಾಗ ಇತ್ತು."

ಅಷ್ಟು ಸಣ್ಣ ಸ್ವರದಲ್ಲಿ ಅವಳು ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ.

ಕಾನ್ವೆಂಟಿನ ಕ್ವಾಯರಿನಲ್ಲಿ ಸಿಸ್ಟರ್ ನನ್ನನ್ನು ಹಿಂದಿನ ಸಾಲಿಗೆ ದಬ್ಬಿ, "ಚೈಲ್ಡ್, ಓನ್ಲಿ ಮೂವ್ ಯುವರ್ ಲಿಪ್ಸ್" ಎಂದಿದ್ದರು. ಆಮೇಲೆ ನಾಲ್ಕು ಜನರೆದುರು ನಾನು ಹಾಡಿದವಳಲ್ಲ. ಆದರೆ ಆ ಮುಖವನ್ನು ನೋಡುತ್ತಾ ಸುಮ್ಮನಿರುವುದು ಹೇಗೆ? ಮೈಕನ್ನು ನನ್ನ ಕಡೆಗೆ ಎಳೆದುಕೊಂಡೆ. ಕೊಳಲನ್ನೂ ಬಾಯಲ್ಲೇ ಮಾಡಿದೆ. ತಲೆಬುಡ ತಿಳಿಯದ ಆ ಪದಗಳು, ಆ ಅಳು, ಆ ಸಮಾಧಾನ, ಎಲ್ಲವೂ ಒಂದರ ಹಿಂದೆ ಒಂದು ಬಂದವು. ಅವು ನನ್ನೊಳಗೆ ಇದ್ದದ್ದು ನನಗೇ ಗೊತ್ತಿರಲಿಲ್ಲ. ನಿನಗೆ ಬರುತ್ತದೆಯೇ ಎಂದು ನನ್ನನ್ನು ಕೇಳಿದವರಾದರೂ ಯಾರು? ಕೀಬೋರ್ಡಿನವನು ಮೆಲ್ಲಗೆ ಜೊತೆಗೂಡಿದ.

ಮುಗಿದಾಗ ನಾದಿನಿ ನನ್ನ ಮೊಣಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡಿದ್ದಳು, ರಶ್ಶಾದ ಬಸ್ಸಿನಲ್ಲಿ ಸಣ್ಣ ಮಕ್ಕಳು ಹಿಡಿದುಕೊಳ್ಳುವ ಹಾಗೆ.

"ಎರಡನೇ ಸಾಲು ಹಾಗಲ್ಲ ಅತ್ತಿಗೆ," ಎಂದಳು. "ಮೊದಲಿಂದ ಹಾಡಿ."